ಒಂದು ತಿರುಪಿನ ಬೆಲೆ

ರಾಯಚೂರಿನ ಕೋಟೆಯನ್ನು ನೋಡಲು ಹೋದವರು ಒಳಕೋಟೆಯ ಗೋಡೆಯೆದುರು ಒಂದು ಗಳಿಗೆ ನಿಲ್ಲದೆ ಮುಂದೆ ಸಾಗಲಾರರು. ನಯವಾಗಿ ಕಡೆದ ಭಾರಿ ಕಲ್ಲುಗಳನ್ನು ಒಂದರ ಮೇಲೊಂದು ಹೊಂದಿಸಿ ಎಬ್ಬಿಸಿದ ಗೋಡೆ ಅದು. ಕಲ್ಲಿಗೂ ಕಲ್ಲಿಗೂ ನಡುವೆ ಗಾರೆಯಿಲ್ಲ, ಸುಣ್ಣವಿಲ್ಲ. 1294ರ ಶಾಸನವನ್ನು ಹೊತ್ತಿರುವ ಒಂದು ಕಲ್ಲಂತೂ 41 ಅಡಿಗೂ ಮಿಕ್ಕಿ ಉದ್ದವಾಗಿದೆ. ಅಂಥ ಕಲ್ಲನ್ನು ಬಂಡಿಯ ಮೇಲೇರಿಸಿ ಎಳೆದು ತಂದ ಬಗೆಯನ್ನು ಅಲ್ಲಿಯೇ ಚಿತ್ರವಾಗಿ ಕೊರೆದಿದ್ದಾರೆ. ಏಳು ಶತಮಾನಗಳ ಬಿಸಿಲು, ಗಾಳಿ, ಮಳೆಗಳು ಹಾದುಹೋದರೂ ಆ ಕಲ್ಲುಗಳು ತಮ್ಮ ಜಾಗದಲ್ಲಿಯೇ ಕುಳಿತಿವೆ. ತನ್ನ ತೂಕವೇ ಆ ಗೋಡೆಗೆ ಬಂಧನ; ತನ್ನ ತೂಕವೇ ಅದಕ್ಕೆ ರಕ್ಷೆ.

ಕೋಟೆಯಿಂದ ಹೊರಬಿದ್ದು ಊರಿನತ್ತ ಕಣ್ಣು ಹಾಯಿಸಿದರೆ ಕಾಣುವ ನೋಟವೇ ಬೇರೆ. ಹಿಂದೆ ಈ ಸೀಮೆಯ ಮನೆಗಳಿಗೆ ದಪ್ಪನಾದ ಮಣ್ಣಿನ ಮಾಳಿಗೆಗಳಿದ್ದವು. ಅವೂ ಕೋಟೆಯಂತೆ ತಮ್ಮ ಭಾರದಿಂದಲೇ ನಿಂತಿದ್ದವು. ಈಗ ಅಂಗಡಿಯ ಮುಂಗಟ್ಟು, ಗೋದಾಮು, ದನದ ಕೊಟ್ಟಿಗೆ, ಬಡವನ ಮನೆ ಎಲ್ಲಕ್ಕೂ ತಗಡಿನ ಹೊದಿಕೆ ಬಂದಿದೆ. ಜನ ಅದನ್ನು ಪತ್ರಾಸ್ ಎಂದು ಕರೆಯುತ್ತಾರೆ. ಪತ್ರಾಸ್ ಹಗುರ, ಒಂದೇ ದಿನದಲ್ಲಿ ಮನೆಯ ಮೇಲೇರುತ್ತದೆ. ಆದರೆ ಹಗುರವಾದುದನ್ನು ಹಿಡಿದು ನಿಲ್ಲಿಸಲು ಬೇರೊಂದು ಆಧಾರ ಬೇಕು. ಆ ಆಧಾರವೇ ತಿರುಪು, ಎಂದರೆ ಎಲ್ಲರ ಬಾಯಲ್ಲಿರುವ ಸ್ಕ್ರೂ.

ಲೆಕ್ಕ ಹಾಕಿದರೆ ಈ ಮಾತಿನ ಅರ್ಥ ತಿಳಿಯುತ್ತದೆ. ಹತ್ತು ಅಡಿ ಉದ್ದ, ಮೂರೂವರೆ ಅಡಿ ಅಗಲ, ಅರ್ಧ ಮಿಲಿಮೀಟರ್ ದಪ್ಪವಿರುವ ಉಕ್ಕಿನ ತಗಡಿನ ತೂಕ ಸುಮಾರು 13–14 ಕಿಲೋಗ್ರಾಂ. ಮುಂಗಾರಿಗೆ ಮುನ್ನ ಕೃಷ್ಣೆ ತುಂಗಭದ್ರೆಯರ ನಡುವಣ ಈ ಬಯಲಿನಲ್ಲಿ ಸಂಜೆಯ ಹೊತ್ತು ಧೂಳೆಬ್ಬಿಸುತ್ತ ಬಿರುಗಾಳಿ ಬರುತ್ತದೆ. ಗಾಳಿಯು ಗಂಟೆಗೆ 72 ಕಿಲೋಮೀಟರ್ ವೇಗದಿಂದ ಬೀಸಿದರೆ, ಅಷ್ಟು ಅಗಲದ ತಗಡನ್ನು ಸುಮಾರು 80 ಕಿಲೋಗ್ರಾಂ ಭಾರವನ್ನು ಎತ್ತುವಷ್ಟು ಬಲದಿಂದ ಮೇಲಕ್ಕೆತ್ತಬಲ್ಲುದು. ವೇಗ ಇಮ್ಮಡಿಯಾದರೆ ಬಲ ನಾಲ್ಮಡಿಯಾಗುತ್ತದೆ. ಮಾಡಿನ ಅಂಚು ಮೂಲೆಗಳಲ್ಲಿ ಈ ಸೆಳೆತ ಇನ್ನೂ ಹೆಚ್ಚು. ತಗಡಿನ ತೂಕವನ್ನು ಕಳೆದು ಉಳಿದ ಬಲವನ್ನೆಲ್ಲ ತಡೆದುಕೊಳ್ಳಬೇಕಾದವು ಕಿರುಬೆರಳ ದಪ್ಪವೂ ಇಲ್ಲದ ಕೆಲವು ತಿರುಪುಗಳು. ಬಂಡಿ ಎಷ್ಟೇ ದೊಡ್ಡದಿರಲಿ, ಅದರ ಚಕ್ರ ಕಳಚದಂತೆ ಕಾಯುವುದು ಒಂದು ಕಡೆಗೀಲು. ಮಾಡಿಗೆ ತಿರುಪೇ ಕಡೆಗೀಲು.

ಒಮ್ಮೆ ವೈಶಾಖ ಮಾಸದಲ್ಲಿ ಮಾನ್ವಿ ಕಡೆಯ ರೈತನೊಬ್ಬನು, ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದ ಮಗಳನ್ನು ಕರೆದುಕೊಂಡು ರಾಯಚೂರಿನ ಪೇಟೆಗೆ ಬಂದನು. ಮನೆಯ ಮಗ್ಗುಲಲ್ಲಿ ದನಗಳಿಗೂ ಭತ್ತದ ಚೀಲಗಳಿಗೂ ನೆರಳಾಗುವಂತೆ ಒಂದು ಕೊಟ್ಟಿಗೆ ಕಟ್ಟುವ ಹಂಬಲ ಅವನದು. ಕಬ್ಬಿಣದ ಪೈಪು, ಪತ್ರಾಸ್‌ಗಳಿಗೆ ಸಾಲದ ಹಣವೆಲ್ಲ ಖರ್ಚಾಗಿತ್ತು. ತಿರುಪುಗಳು ಮಾತ್ರ ಉಳಿದಿದ್ದವು. ಅಂಗಡಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಹೊಳೆಯುತ್ತಿದ್ದ, ಎಲ್ಲಕ್ಕಿಂತ ಕಡಿಮೆ ಬೆಲೆಯ ತಿರುಪುಗಳ ಪೊಟ್ಟಣವೊಂದನ್ನು ಕೊಂಡು ಅವನು ಕೆಲಸ ಒಪ್ಪಿಕೊಂಡಿದ್ದ ಮೇಸ್ತ್ರಿಯ ಬಳಿಗೆ ಬಂದನು. ಮೇಸ್ತ್ರಿಗೆ ಎಪ್ಪತ್ತರ ಹತ್ತಿರದ ವಯಸ್ಸು. ಕಬ್ಬಿಣದೊಡನೆ ಬಾಳಿ ಅವನ ಕೈಗಳು ಕಪ್ಪಾಗಿದ್ದವು.

‘ಇವನ್ನ ಯಾತಕ್ಕ ತಂದೀಯೋ ತಮ್ಮಾ?’ ಎಂದು ಮೇಸ್ತ್ರಿ ಕೇಳಿದನು.

‘ಪತ್ರಾಸ್ ಬಿಗಿಯಾಕ್ರಿ ಮೇಸ್ತ್ರಿ. ನೋಡ್ರಿ, ಬೆಳ್ಳಿ ಇದ್ದಂಗ ಅದಾವ. ರೇಟೂ ಕಡಿಮಿ.’

‘ಬೆಳ್ಳಗಿದ್ದದ್ದೆಲ್ಲ ಹಾಲಲ್ಲಪ್ಪ. ಒಳಗಿನ ಕೆಲಸಕ್ಕ ಇದು ಸಾಕು. ಬಿಸಿಲಾಗ, ಮಳಿಯಾಗ ನಿಲ್ಲೋದಕ್ಕ ಬ್ಯಾರೆ ಬೇಕು.’

‘ಮ್ಯಾಲ ಹೋಗಿ ಯಾರು ನೋಡ್ತಾರ್ರಿ? ಒಂದು ಸಲ ಬಿಗಿದರ ಮುಗೀತು.’

ಈ ಮಾತಿಗೆ ಮೇಸ್ತ್ರಿ ಒಡನೆ ಉತ್ತರ ಕೊಡಲಿಲ್ಲ. ತನ್ನ ಹತ್ಯಾರದ ಪೆಟ್ಟಿಗೆಯನ್ನು ತೆರೆದು, ಅದರ ಮೂಲೆಯಲ್ಲಿದ್ದ ಬಟ್ಟೆಯ ಗಂಟನ್ನು ಬಿಚ್ಚಿ, ತಲೆಯಿಲ್ಲದ ಒಂದು ತಿರುಪನ್ನು ಅಂಗೈಯಲ್ಲಿಟ್ಟು ತೋರಿಸಿದನು. ಅದು ತುಕ್ಕು ತಿಂದು ಸವೆದಿತ್ತು. ಬಹಳ ವರ್ಷಗಳ ಹಿಂದೆ, ಅವನಿನ್ನೂ ಹುಡುಗನಾಗಿದ್ದಾಗ, ದೇವದುರ್ಗದ ಕಡೆ ಒಬ್ಬ ವೃದ್ಧೆಯ ಮನೆಯ ಅಂಗಳಕ್ಕೆ ಪತ್ರಾಸ್ ಹೊದಿಸಿದ್ದನು. ಕೈಗೆ ನಾಲ್ಕು ಕಾಸು ಉಳಿಯಲೆಂದು ಕಡಿಮೆ ದರದ ತಿರುಪುಗಳನ್ನು ಹಾಕಿದ್ದನು. ಎರಡನೆಯ ವರ್ಷದ ಬಿರುಗಾಳಿಯಲ್ಲಿ ಒಂದು ತಗಡು ಕಿತ್ತು ಹಾರಿತು. ಮಕ್ಕಳು ಆಟ ಮುಗಿಸಿ ಒಳಗೆ ಹೋಗಿ ಸ್ವಲ್ಪ ಹೊತ್ತಾಗಿತ್ತು, ಅಷ್ಟೆ. ಗೂಟಕ್ಕೆ ಕಟ್ಟಿದ್ದ ಎಳೆಗರು ಅದರ ಅಲಗಿಗೆ ಸಿಕ್ಕು ಸತ್ತಿತು. ಸುದ್ದಿ ತಿಳಿದು ಓಡಿ ಬಂದ ಅವನನ್ನು ಆ ಮುದುಕಿ ಬಯ್ಯಲಿಲ್ಲ. ಅಂಗಳದಲ್ಲಿ ಬಿದ್ದಿದ್ದ ಈ ತಿರುಪನ್ನು ಆರಿಸಿ ಅವನ ಕೈಗಿಟ್ಟು, ಮಾತಿಲ್ಲದೆ ಒಳಗೆ ಹೋದಳು. ಅಂದಿನಿಂದ ಅದು ಆ ಪೆಟ್ಟಿಗೆಯಲ್ಲಿದೆ.

ರೈತನು ಸುಮ್ಮನಾದನು. ಹುಡುಗಿ ಮಾತ್ರ, ‘ಚಲೋದು ಯಾವುದು, ಕೆಟ್ಟದ್ದು ಯಾವುದು ಅಂತ ಹೆಂಗ ಗೊತ್ತಾಗತದ, ತಾತ?’ ಎಂದು ಕೇಳಿದಳು. ಮೇಸ್ತ್ರಿಯ ಮುಖ ಅರಳಿತು. ‘ಬಾ ಯವ್ವಾ, ತೋರಿಸ್ತೀನಿ’ ಎಂದು ತನ್ನ ಬಳಿಯಿದ್ದ ಬೇರೆ ಬೇರೆ ಬಗೆಯ ತಿರುಪುಗಳನ್ನು ಕಲ್ಲುಚಪ್ಪಡಿಯ ಮೇಲೆ ಸುರಿದನು.

ಮೊದಲನೆಯದು ಕಣ್ಣಿನ ಪರೀಕ್ಷೆ. ಒಳ್ಳೆಯ ತಿರುಪಿನ ಸುರುಳಿಯಂಚುಗಳು ತುದಿಯಿಂದ ತಲೆಯವರೆಗೆ ಒಂದೇ ಅಂತರದಲ್ಲಿ, ಹರಿತವಾಗಿ ಏರುತ್ತವೆ. ಕೀಳು ತಿರುಪಿನಲ್ಲಿ ಅವು ಅಲ್ಲಲ್ಲಿ ಮೊಂಡಾಗಿರುತ್ತವೆ, ಮುಕ್ಕಾಗಿರುತ್ತವೆ. ತಿರುಪನ್ನು ಚಪ್ಪಡಿಯ ಮೇಲೆ ಉರುಳಿಸಿದರೆ ಅದು ನೆಟ್ಟಗಿದೆಯೋ ಡೊಂಕಾಗಿದೆಯೋ ತಿಳಿಯುತ್ತದೆ. ತಲೆಯ ಕಚ್ಚಿನಲ್ಲಿ ತಿರುಪುಳಿಯು ಅಲ್ಲಾಡದೆ ಕುಳಿತುಕೊಳ್ಳಬೇಕು. ಸಡಿಲವಾಗಿದ್ದರೆ ಬಿಗಿಯುವಾಗ ಕಚ್ಚು ಸವೆದು, ತಿರುಪು ಮುಂದಕ್ಕೂ ಹೋಗದೆ ಹಿಂದಕ್ಕೂ ಬಾರದೆ ನಡುವೆಯೇ ನಿಲ್ಲುತ್ತದೆ.

ಆದರೆ ಕಣ್ಣನ್ನೇ ನಂಬಿ ಕುಳಿತರೆ ಸಾಲದು. 1990ರ ಜೂನ್ 10ರಂದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಿಂದ ಸ್ಪೇನಿನ ಮಾಲಗಾಕ್ಕೆ ಹೊರಟಿದ್ದ ವಿಮಾನವೊಂದರ ಮುಂಗಿಟಕಿ, ನೆಲದಿಂದ 17,000 ಅಡಿಗೂ ಎತ್ತರದಲ್ಲಿ ಕಿತ್ತುಹೋಯಿತು. ವಿಮಾನದ ನಾಯಕನು ಅರ್ಧ ದೇಹ ಹೊರಗೆ ಸೆಳೆಯಲ್ಪಟ್ಟು ನೇತಾಡಿದನು. ಸಿಬ್ಬಂದಿಯವರು ಅವನ ಕಾಲುಗಳನ್ನು ಬಿಗಿಯಾಗಿ ಹಿಡಿದುಕೊಂಡರು. ಸಹಚಾಲಕನು ವಿಮಾನವನ್ನು ಸುರಕ್ಷಿತವಾಗಿ ಇಳಿಸಿದನು. ಎಲ್ಲರೂ ಬದುಕಿದುದು ಪುಣ್ಯ. ವಿಚಾರಣೆಯಲ್ಲಿ ತಿಳಿದುಬಂದ ಸಂಗತಿ ಇದು: ಆ ಕಿಟಕಿಯ 90 ಬೋಲ್ಟುಗಳಲ್ಲಿ 84 ಬೋಲ್ಟುಗಳು ಇರಬೇಕಾದುದಕ್ಕಿಂತ ಸುಮಾರು 0.66 ಮಿಲಿಮೀಟರ್ ಸಣ್ಣವಾಗಿದ್ದವು. ಉಳಿದ 6 ಉದ್ದದಲ್ಲಿ ಕಡಿಮೆಯಾಗಿದ್ದವು. ಹಳೆಯ ಬೋಲ್ಟನ್ನು ಪಕ್ಕದಲ್ಲಿ ಹಿಡಿದು, ಕಣ್ಣಳತೆಯಿಂದಲೇ ಹೊಸತನ್ನು ಆರಿಸಲಾಗಿತ್ತು. ಕಣ್ಣಿಗೆ ಕಾಣದಷ್ಟು ಸಣ್ಣ ವ್ಯತ್ಯಾಸ ಆಕಾಶದಲ್ಲಿ ಪ್ರಾಣದ ಪ್ರಶ್ನೆಯಾಯಿತು.

ಆದುದರಿಂದ ಎರಡನೆಯದು ಬಲದ ಪರೀಕ್ಷೆ. ಮೇಸ್ತ್ರಿ ಕಣ್ಣಿಗೆ ಕನ್ನಡಕ ಹಾಕಿಕೊಂಡು, ಹುಡುಗಿಯನ್ನು ದೂರ ನಿಲ್ಲಿಸಿ, ತಿರುಪೊಂದನ್ನು ಇಕ್ಕಳಕ್ಕೆ ಬಿಗಿದು ಅದರ ತಲೆಗೆ ಸುತ್ತಿಗೆಯಿಂದ ಮಗ್ಗುಲೇಟು ಹಾಕಿದನು. ಒಳ್ಳೆಯ ತಿರುಪಿನ ಮೈ ಹೊರಗೆ ಗಡಸು, ಒಳಗೆ ಸಹನೆಯುಳ್ಳದ್ದು. ಅದರ ತಲೆ ತುಸು ಬಾಗಿ ತಡೆಯುತ್ತದೆ. ಅತಿಯಾಗಿ ಗಡಸಾದುದು ಬಳೆಯಂತೆ ಒಡೆದು ಹಾರುತ್ತದೆ. ಮೆತ್ತನೆಯದು ಹಸಿ ಕಡ್ಡಿಯಂತೆ ಮಡಿಸಿಕೊಳ್ಳುತ್ತದೆ. ರೈತನು ತಂದಿದ್ದ ತಿರುಪಿನ ತಲೆ ಮೊದಲ ಪೆಟ್ಟಿಗೇ ಹಾರಿಹೋಯಿತು. ಅನಂತರ ಅವನು ಕೊಟ್ಟಿಗೆಗೆ ಬಳಸಲಿದ್ದ ಪೈಪಿನ ತುಂಡಿಗೇ ಬೇರೆ ಬೇರೆ ತಿರುಪುಗಳನ್ನು ಹೊಡೆದು ನೋಡಿದನು. ಕೆಲವು ನೇರವಾಗಿ ಕೊರೆದು ಇಳಿದವು. ಕೆಲವುಗಳ ಮೊನೆ ಪೈಪನ್ನು ಮುಟ್ಟುತ್ತಲೇ ಕಾದು ಮೊಂಡಾಯಿತು. ಒಳಗೋಡೆಯ ಹಲಗೆಗಳಿಗೆ ಬಳಸುವ ಕರಿಯ ತಿರುಪುಗಳು ಹೊರಗಿನ ಕೆಲಸಕ್ಕೆ ಸಲ್ಲವು. ಅವು ಬೇಗನೆ ಮುರಿಯುತ್ತವೆ, ಮಳೆ ಸೋಕಿದರೆ ಬೇಗನೆ ತುಕ್ಕು ಹಿಡಿಯುತ್ತವೆ.

ದೊಡ್ಡ ಬೋಲ್ಟುಗಳ ತಲೆಯ ಮೇಲಿರುವ ಅಂಕಿಗಳನ್ನು ಓದುವುದನ್ನೂ ಮೇಸ್ತ್ರಿ ಹುಡುಗಿಗೆ ಕಲಿಸಿದನು. 8.8 ಎಂದು ಬರೆದಿದ್ದರೆ, ಒಂದು ಚದರ ಮಿಲಿಮೀಟರ್ ದಪ್ಪದ ಉಕ್ಕು ಸುಮಾರು 80 ಕಿಲೋಗ್ರಾಂ ಭಾರದವರೆಗೆ ತುಂಡಾಗದೆ ತಡೆಯುತ್ತದೆಂದು ಮೊದಲ ಅಂಕಿ ಹೇಳುತ್ತದೆ. ಆ ಭಾರದ ನೂರಕ್ಕೆ 80ರವರೆಗೆ ಅದು ಎಳೆದರೂ ಮತ್ತೆ ಮೊದಲಿನಂತಾಗುತ್ತದೆಂದು ಎರಡನೆಯ ಅಂಕಿ ತಿಳಿಸುತ್ತದೆ. 1947ರಲ್ಲಿ ಸ್ಥಾಪನೆಯಾಗಿ, 1987ರಿಂದ ಭಾರತೀಯ ಮಾನಕ ಬ್ಯೂರೋ ಎಂದು ಹೆಸರಾಗಿರುವ ಸಂಸ್ಥೆಯ ಐ.ಎಸ್.ಐ. ಗುರುತು ಇದ್ದರೆ, ಸರಕು ಗೊತ್ತಾದ ಪರೀಕ್ಷೆಗಳಿಗೆ ಒಳಪಟ್ಟಿದೆಯೆಂದು ತಿಳಿಯಬೇಕು.

ಮೂರನೆಯದು ತುಕ್ಕಿನ ಪರೀಕ್ಷೆ. ಇದೇ ಎಲ್ಲಕ್ಕಿಂತ ಕಠಿಣವಾದುದು; ಏಕೆಂದರೆ ಇಲ್ಲಿ ಪರೀಕ್ಷಕನು ಕಾಲ. ತಿರುಪಿನ ಹೊಳಪು ಉಕ್ಕಿನದಲ್ಲ, ಅದರ ಮೇಲಿನ ಸತುವಿನ ಲೇಪದ್ದು. ವಿದ್ಯುತ್ತಿನಿಂದ ಲೇಪಿಸಿದ ಸತುವಿನ ದಪ್ಪ ಸಾಮಾನ್ಯವಾಗಿ 5ರಿಂದ 10 ಮೈಕ್ರಾನ್. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಕರಗಿದ ಸತುವಿನಲ್ಲಿ ಅದ್ದಿ ತೆಗೆದ ಲೇಪ ನೋಡಲು ಮಂಕಾದರೂ ಅದಕ್ಕಿಂತ ಹಲವು ಪಟ್ಟು ದಪ್ಪ. ಸತುವಿನ ಗುಣ ಹಿರಿದು. ತಾನು ಮೊದಲು ಕ್ಷಯಿಸುತ್ತ, ತನ್ನ ಒಳಗಿನ ಉಕ್ಕನ್ನು ಕಾಯುತ್ತದೆ. ಅದು ತೀರಿದ ದಿನ ಉಕ್ಕಿಗೆ ತುಕ್ಕು ಹತ್ತುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿಯುವ ಮಾನ್ವಿಯ ಗದ್ದೆ ಬಯಲಿನಲ್ಲಿ ತೇವ ಹೆಚ್ಚು. ಕೊಟ್ಟಿಗೆಯಲ್ಲಿ ದನದ ಗಂಜಲದ ಆವಿ, ಗೊಬ್ಬರದ ಚೀಲಗಳ ಉಪ್ಪು ಇವೂ ಕೂಡಿಕೊಂಡು ಸತುವನ್ನು ಬೇಗ ತಿನ್ನುತ್ತವೆ.

ದೇವದುರ್ಗದ ಬಯಲಿನಲ್ಲಿ ಬಿಸಿಲಿನ ಕಾಟ. ನಡುಹಗಲಿಗೂ ಬೆಳಗಿನ ಜಾವಕ್ಕೂ ತಗಡಿನ ಶಾಖದಲ್ಲಿ 40 ಡಿಗ್ರಿ ಸೆಲ್ಸಿಯಸ್ ಅಂತರ ಬಿದ್ದರೆ, 6 ಮೀಟರ್ ಉದ್ದದ ಉಕ್ಕಿನ ತಗಡು ಸುಮಾರು 3 ಮಿಲಿಮೀಟರ್ ಹಿಗ್ಗಿ ಕುಗ್ಗುತ್ತದೆ. ದಿನದಿನವೂ ಈ ಎಳೆದಾಟವನ್ನು ತಿರುಪು ಸಹಿಸಬೇಕು. ಅದರ ತಲೆಯಡಿಯ ರಬ್ಬರ್ ವಾಷರ್ ಕೀಳಾಗಿದ್ದರೆ ಬಿಸಿಲಿಗೆ ಬಿರಿಯುತ್ತದೆ. ಬಿರುಕಿನಿಂದ ನೀರಿಳಿದು ತುಕ್ಕಿಗೆ ದಾರಿಯಾಗುತ್ತದೆ. ಬಿಗಿಯುವ ಕೈಗೂ ಹದ ಬೇಕು. ಹೆಚ್ಚು ಬಿಗಿದರೆ ವಾಷರ್ ಹಿಂಡಿ ಹೊರಬರುತ್ತದೆ, ಕಡಿಮೆಯಾದರೆ ಮಳೆಯ ನೀರು ಸೋರುತ್ತದೆ.

ತುಕ್ಕುರಹಿತ ಉಕ್ಕಿನ ತಿರುಪನ್ನು ಅಯಸ್ಕಾಂತದಿಂದ ಗುರುತಿಸಬಹುದೆಂಬ ನಂಬಿಕೆಯುಂಟು. ಅದು ಅರ್ಧ ಸತ್ಯ. ಅಂಥ ಉಕ್ಕಿನ ಕೆಲವು ಬಗೆಗಳು ಅಯಸ್ಕಾಂತಕ್ಕೆ ಅಂಟುತ್ತವೆ, ಕೆಲವು ಅಂಟವು. ಇನ್ನು ಅಯಸ್ಕಾಂತವು ಬಲವನ್ನಂತೂ ಅಳೆಯಲಾರದು.

‘ಹಂಗಾದರ ಮನ್ಯಾಗ ತುಕ್ಕು ಪರೀಕ್ಷೆ ಮಾಡಬಹುದಾ, ತಾತ?’ ಎಂದು ಹುಡುಗಿ ಕೇಳಿದಳು. ಪ್ರಯೋಗಶಾಲೆಗಳಲ್ಲಿ ನೂರಕ್ಕೆ 5ರಷ್ಟು ಉಪ್ಪಿನ ನೀರನ್ನು 35 ಡಿಗ್ರಿ ಶಾಖದಲ್ಲಿ ತಿರುಪುಗಳ ಮೇಲೆ ಮಂಜಿನಂತೆ ಸಿಂಪಡಿಸಿ, ಎಷ್ಟು ಗಂಟೆಗೆ ಕೆಂಪು ತುಕ್ಕು ಕಾಣುವುದೆಂದು ಲೆಕ್ಕವಿಡುತ್ತಾರೆ. ಮನೆಯಲ್ಲಿ ಅಷ್ಟು ಸಲಕರಣೆ ಬೇಡ. ಮೇಸ್ತ್ರಿ ಹೇಳಿದಂತೆ ಅವಳು ಊರಿಗೆ ಹೋಗಿ, ಒಂದು ಲೀಟರ್ ನೀರಿಗೆ 50 ಗ್ರಾಂ ಉಪ್ಪು ಬೆರೆಸಿ, ಮೂರು ಗಾಜಿನ ಲೋಟಗಳಲ್ಲಿ ಮೂರು ಬಗೆಯ ತಿರುಪುಗಳನ್ನು ಅರ್ಧ ಮುಳುಗುವಂತೆ ಇಟ್ಟಳು. ಪ್ರತಿದಿನವೂ ನೋಡಿ ಪುಸ್ತಕದಲ್ಲಿ ಬರೆದಳು. ಕರಿಯ ತಿರುಪಿನ ನೀರು ಬಲು ಬೇಗನೆ ಕಂದಾಯಿತು. ಹೊಳೆಯುವ ತಿರುಪಿನ ಮೇಲೆ ಮೊದಲು ಬಿಳಿಯ ಪುಡಿ, ಕೆಲವು ದಿನಗಳಲ್ಲಿ ಅದರ ನಡುವೆ ಕೆಂಪು ಚುಕ್ಕೆಗಳು ಮೂಡಿದವು. ಮಂಕು ಬಣ್ಣದ ದಪ್ಪ ಲೇಪದ ತಿರುಪಿನ ಮೇಲೆ ಬಿಳುಪೇನೋ ಕಂಡಿತು, ಕೆಂಪು ಕಾಣಲಿಲ್ಲ. ತಂದೆಯು ಆ ಮೂರು ಲೋಟಗಳನ್ನು ಬಹಳ ಹೊತ್ತು ನೋಡಿದನು. ಮರುದಿನ ಮೊದಲ ಬಸ್ಸಿಗೆ ರಾಯಚೂರಿಗೆ ಹೋಗಿ ತಿರುಪುಗಳನ್ನು ಬದಲಾಯಿಸಿಕೊಂಡು ಬಂದನು. ಒಂದೊಂದಕ್ಕೆ ಬಿದ್ದ ಹೆಚ್ಚಿನ ಹಣ ಒಂದು ಲೋಟ ಚಹದ ಬೆಲೆಗೂ ಸಮವಾಗಿರಲಿಲ್ಲ.

ಕೊಟ್ಟಿಗೆ ಎದ್ದಿತು. ಮುಂಗಾರಿಗೆ ಮೊದಲು ಒಂದು ಸಂಜೆ ಬಿರುಗಾಳಿಯೂ ಬಂದಿತು. ಪತ್ರಾಸ್ ಗಡಗಡನೆ ನಡುಗಿತು. ದನಗಳು ಬೆದರಿ ಕಿವಿ ನಿಮಿರಿಸಿದವು. ಬೆಳಗಾದ ಮೇಲೆ ಹುಡುಗಿ ಅಂಗಳದಲ್ಲಿ ನಿಂತು, ಸಾಲುಸಾಲಾಗಿ ಕುಳಿತಿದ್ದ ತಿರುಪುಗಳ ತಲೆಗಳನ್ನು ಎಣಿಸಿದಳು. ಒಂದೂ ಕಡಿಮೆಯಾಗಿರಲಿಲ್ಲ.

ಮೇಲೆ ಹೋಗಿ ಯಾರು ನೋಡುತ್ತಾರೆ ಎಂದು ರೈತನು ಕೇಳಿದ್ದನು. ನೋಡುವವರು ಇದ್ದಾರೆ. ಬಿಸಿಲು ನೋಡುತ್ತದೆ, ಮಳೆ ನೋಡುತ್ತದೆ, ಗಾಳಿ ಒಂದೊಂದನ್ನೂ ಅಲುಗಿಸಿ ನೋಡುತ್ತದೆ. ಅವುಗಳ ಪರೀಕ್ಷೆಗೆ ಮೊದಲೇ ಮನುಷ್ಯನು ತನ್ನ ಪರೀಕ್ಷೆಯನ್ನು ಮುಗಿಸಿರಬೇಕು. ಮರೆಯಲ್ಲಿರುವ ಕೆಲಸವನ್ನೂ ಎದುರಿನ ಕೆಲಸದಷ್ಟೇ ಪ್ರಾಮಾಣಿಕವಾಗಿ ಮಾಡಿದವನ ಮನೆಯಲ್ಲಿ ಮಕ್ಕಳು ಗಾಳಿಯ ರಾತ್ರಿಯಲ್ಲಿಯೂ ನೆಮ್ಮದಿಯಿಂದ ಮಲಗುತ್ತಾರೆ.