ಮೇಜಿನ ಕೆಳಗಿನ ಒತ್ತಕ್ಷರ

ನಿವೃತ್ತಿಯ ನಂತರ ಹೊತ್ತು ಹೇಗೆ ಕಳೆಯುತ್ತೀರಿ ಎಂಬುದು ದೂರವಾಣಿಯಲ್ಲಿ ಹಳೆಯ ವಿದ್ಯಾರ್ಥಿಗಳು ನನ್ನನ್ನು ಕೇಳುವ ಮೊದಲ ಪ್ರಶ್ನೆ. ಬಂಧುಗಳದು ಇನ್ನೂ ನೇರ: "ಮಂಗಳವಾರ, ಶುಕ್ರವಾರ ಬೆಳಿಗ್ಗೆ ಫೋನ್ ಮಾಡಿದರೆ ನೀವು ಮನೆಯಲ್ಲೇ ಇರುವುದಿಲ್ಲವಲ್ಲ, ಎಲ್ಲಿಗೆ ಹೋಗುತ್ತೀರಿ?" ಎಲ್ಲರಿಗೂ ಸೇರಿಸಿ ಇಲ್ಲಿಯೇ ಉತ್ತರ ಬರೆದುಬಿಡುತ್ತೇನೆ. ಆ ಎರಡು ದಿನ ನಾನು ಮೈಸೂರಿನ ಕುವೆಂಪುನಗರದ ಒಂದು ಪುಟ್ಟ ಡಿಸೈನ್ ಸ್ಟುಡಿಯೋದಲ್ಲಿ ಕನ್ನಡದ ಕರಡು ತಿದ್ದುತ್ತಿರುತ್ತೇನೆ. ಅಲ್ಲಿ ನಾಲ್ವರು ಮನುಷ್ಯರು, ಐದು ಗಣಕಯಂತ್ರಗಳು, ಎರಡು ನಾಯಿಗಳು.

ಸ್ಟುಡಿಯೋದ ಒಡತಿ ನನ್ನ ಹಳೆಯ ಶಿಷ್ಯೆ. ಹೆಸರು ಬರೆಯಕೂಡದೆಂದು ಅವಳ ಕಟ್ಟಪ್ಪಣೆ. ಒಂಬತ್ತನೆಯ ತರಗತಿಯಲ್ಲಿ ಸಮಾಜ ವಿಜ್ಞಾನದ ನೋಟ್‌ಬುಕ್ಕಿನ ಅಂಚಿನ ತುಂಬ ದಪ್ಪ ದಪ್ಪ ಅಕ್ಷರಗಳನ್ನು ಬರೆದು ಬಣ್ಣ ತುಂಬುತ್ತಿದ್ದವಳು ಎಂದರೆ ಅವಳ ಸಹಪಾಠಿಗಳಿಗೆ ಗೊತ್ತಾಗಿಯೇ ಆಗುತ್ತದೆ. ಮದುವೆಯ ಕರೆಯೋಲೆ, ಬೆಲ್ಲದ ಪೊಟ್ಟಣ, ಪುಸ್ತಕದ ಮುಖಪುಟ, ಅಂಗಡಿಯ ನಾಮಫಲಕ – ಇವು ಅಲ್ಲಿ ಸಿದ್ಧವಾಗುವ ವಸ್ತುಗಳು. ಬಾಗಿಲ ಮೇಲೆ 'ಸ್ಟುಡಿಯೋ' ಎಂದು ಬರೆದಿರುವುದರಿಂದ ವಾರಕ್ಕೊಬ್ಬರಾದರೂ ಪಾಸ್‌ಪೋರ್ಟ್ ಅಳತೆಯ ಭಾವಚಿತ್ರ ತೆಗೆಸಿಕೊಳ್ಳಲು ಬಂದು, ಮೇಜಿನ ಕೆಳಗಿನಿಂದ ಏಳುವ ನಾಯಿಯನ್ನು ಕಂಡು ಹೌಹಾರಿ ಹಿಂದಿರುಗುತ್ತಾರೆ.

ಆ ನಾಯಿಯ ಹೆಸರು ಒತ್ತು. ಎರಡೂ ಬೀದಿಯಲ್ಲಿ ಹುಟ್ಟಿದ ನಾಡುನಾಯಿಗಳೇ. ಒಂದರ ಬಾಲ ಮೇಲಕ್ಕೆ ಸುರುಳಿ ಸುತ್ತಿರುವುದರಿಂದ ಅದು ಕೊಂಬು. ಇನ್ನೊಂದು ಬಂದ ದಿನದಿಂದಲೂ ಮೇಜಿನ ಕೆಳಗೇ ಮಲಗುವುದರಿಂದ, ಮೂಲಾಕ್ಷರದ ಅಡಿಯಲ್ಲಿ ಕೂರುವ ಒತ್ತಕ್ಷರದಂತೆ, ಅದು ಒತ್ತು. ಕಾಗುಣಿತವನ್ನು ನಾಯಿಗಳಿಗೆ ಹಂಚಿದ ಈ ಶಿಷ್ಯೆಗೆ ನಾನು ಹತ್ತಕ್ಕೆ ಹತ್ತು ಅಂಕ ಕೊಟ್ಟಿದ್ದೇನೆ. ಎರಡಕ್ಕೂ ವರ್ಷಕ್ಕೊಮ್ಮೆ ಹುಚ್ಚುನಾಯಿ ರೋಗದ ಲಸಿಕೆ ಆಗುತ್ತದೆ. ಸಂತಾನಹರಣ ಚಿಕಿತ್ಸೆಯ ಗುರುತಾಗಿ ಕಿವಿಯ ತುದಿಯಲ್ಲಿ ಸಣ್ಣ ಕತ್ತರಿಯ ಕಚ್ಚು ಇದೆ. ಲೆಕ್ಕದ ಪುಸ್ತಕದಲ್ಲಿ ಈ ಖರ್ಚು 'ಸಿಬ್ಬಂದಿ ಆರೋಗ್ಯ' ಎಂಬ ಶೀರ್ಷಿಕೆಯಡಿ ಬರುತ್ತದೆ.

ಅಲ್ಲಿ ನನ್ನ ಕೆಲಸವೂ ಬಹುಪಾಲು ಒತ್ತಿನದೇ. 1980ರ ದಶಕದ ಕೊನೆಯಲ್ಲಿ ನಮ್ಮ ಶಾಲೆಯ ವಾರ್ಷಿಕ ಸಂಚಿಕೆಯನ್ನು ಅಚ್ಚು ಮಾಡಿಸಲು ಮುದ್ರಣಾಲಯಕ್ಕೆ ಹೋಗುತ್ತಿದ್ದಾಗ ಮೊಳೆ ಜೋಡಿಸುವವರ ಪಕ್ಕದಲ್ಲಿ ಗಂಟೆಗಟ್ಟಲೆ ನಿಂತಿದ್ದೇನೆ. ಅಕ್ಷರದ ಮೊಳೆ ಬೇರೆ, ಅದರ ಕೆಳಗಿಡುವ ಒತ್ತಿನ ಚಿಕ್ಕ ಮೊಳೆ ಬೇರೆ. ಪುಟ ಕಟ್ಟುವಾಗ ಕೈತಪ್ಪಿದರೆ ಮೊದಲು ಉದುರುವುದು ಆ ಒತ್ತು. ಒತ್ತು ಉದುರಿದರೆ 'ಕತ್ತೆ' ಹೋಗಿ 'ಕತೆ' ಆಗುತ್ತದೆ. ಅದೂ ಒಂದು ಅರ್ಥವುಳ್ಳ ಪದವೇ ಆದ್ದರಿಂದ ಕರಡು ನೋಡುವವನ ಕಣ್ಣಿಗೆ ಬೀಳುವುದೂ ಇಲ್ಲ!

ಗಣಕಯಂತ್ರ ಬಂದ ಮೇಲೆ ಈ ತೊಂದರೆ ಬೇರೊಂದು ವೇಷ ಹಾಕಿಕೊಂಡು ಬಂದಿದೆ. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂದಾಗಿನ ನನ್ನ ಸಂಭ್ರಮ ನಿಮಗೆ ನೆನಪಿರಬಹುದು. ಅನಂತರ ಕನ್ನಡ ಗಣಕ ಪರಿಷತ್ತಿನ 'ನುಡಿ'ಯೂ ಬಂದಿತು. ಅಂದಿನ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಂಡುಗಳು ಕುಳಿತಿರುತ್ತಿದ್ದವು. ಆ ಫಾಂಟು ಇಲ್ಲದ ಯಂತ್ರದಲ್ಲಿ ಕಡತ ತೆರೆದರೆ ಬರಿಯ ಇಂಗ್ಲಿಷ್ ಕಲಸುಮೇಲೋಗರ. ಯೂನಿಕೋಡ್‌ನಲ್ಲಿ ಹಾಗಲ್ಲ, ಅಲ್ಲಿ ಕನ್ನಡಕ್ಕೆ ತನ್ನದೇ ಆದ ಸ್ಥಾನವಿದೆ. 'ಲ', ಅದರ ಮುಂದೆ ವಿರಾಮ ಚಿಹ್ನೆ, ಅದರ ಮುಂದೆ ಇನ್ನೊಂದು 'ಲ' – ಇಷ್ಟನ್ನೇ ಕಡತದಲ್ಲಿ ಬರೆದಿರುತ್ತದೆ. ಎರಡನೆಯದನ್ನು ಕೆಳಗಿಳಿಸಿ ಒತ್ತಾಗಿ ತೋರಿಸುವುದು ತಂತ್ರಾಂಶದ ಹೊಣೆ. ಆ ಹೊಣೆಯನ್ನು ಅದು ಅರಿಯದಿದ್ದರೆ 'ಬೆಲ್ಲ' ಹೋಗಿ 'ಬೆಲ್‌ಲ' ಆಗಿ ಪೊಟ್ಟಣದ ಮೇಲೆ ಅಚ್ಚಾಗುತ್ತದೆ.

ಫೋಟೋಶಾಪ್‌ನಲ್ಲಿ ಭಾರತೀಯ ಲಿಪಿಗಳನ್ನು ಬಲ್ಲ ಒಂದು ವ್ಯವಸ್ಥೆ ಇದೆಯೆಂಬುದೂ, ಅದನ್ನು ಆಯ್ಕೆಗಳ ಪಟ್ಟಿಯಲ್ಲಿ ಹುಡುಕಿ ಆರಿಸಿಕೊಳ್ಳಬೇಕೆಂಬುದೂ ನನಗೆ ತಿಳಿದದ್ದು ಅಲ್ಲಿಯೇ. ಹಾಗೆಯೇ 'ರಾಜ್‌ಕುಮಾರ್' ಎಂದು ಬರೆಯುವಾಗ 'ಜ್' ಮತ್ತು 'ಕು' ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆಯನ್ನು ಇಡಬೇಕು; ಇಲ್ಲದಿದ್ದರೆ ಅದು 'ರಾಜ್ಕುಮಾರ್' ಆಗಿಬಿಡುತ್ತದೆ. ಮೂವತ್ತು ವರ್ಷ ವ್ಯಾಕರಣ ಪಾಠ ಮಾಡಿದವನಿಗೆ, ಕಾಣದಿದ್ದರೂ ಕೆಲಸ ಮಾಡುವ ಈ ಚಿಹ್ನೆಯ ಮೇಲೆ ವಿಶೇಷ ಪ್ರೀತಿ. ಇತ್ತೀಚೆಗೆ ಒಬ್ಬ ಗಿರಾಕಿ ಕೃತಕ ಬುದ್ಧಿಮತ್ತೆಯಿಂದ ಬರೆಸಿದ ಭಿತ್ತಿಪತ್ರವನ್ನು ಹಿಡಿದು ತಂದು, "ಇದು ಪುಕ್ಕಟೆಯಾಗಿ ಆಗುತ್ತದಲ್ಲ, ನಿಮಗೇಕೆ ದುಡ್ಡು ಕೊಡಬೇಕು?" ಎಂದ. ಚಿತ್ರ ಸೊಗಸಾಗಿತ್ತು. ಅಕ್ಷರಗಳು ಮಾತ್ರ ದೂರದಿಂದ ಕನ್ನಡ, ಹತ್ತಿರದಿಂದ ಏನೂ ಅಲ್ಲ! ನನ್ನ ಶಿಷ್ಯೆ ಮಾತಾಡದೆ ಅದನ್ನು ನನ್ನ ಕೈಗಿಟ್ಟು "ಸರ್, ಸ್ವಲ್ಪ ಓದಿ ಹೇಳಿ" ಎಂದಳು. ನಾನು ಗಟ್ಟಿಯಾಗಿ ಓದಲು ಯತ್ನಿಸಿದೆ. ಕೊಂಬು ತಲೆಯೆತ್ತಿ ಬೊಗಳಿತು. ಗಿರಾಕಿಯೂ ನಕ್ಕ, ಮುಂಗಡ ಕೊಟ್ಟು ಹೋದ.

ಅಲ್ಲಿನ ನಗೆಯೆಲ್ಲ ಇಂಥದೇ. ಕಡತಗಳ ಹೆಸರು ನೋಡಬೇಕು ನೀವು: 'ಕೊನೆಯದು', 'ನಿಜವಾಗಿ ಕೊನೆಯದು', 'ದೇವರಾಣೆ ಕೊನೆಯದು'. ಒಮ್ಮೆ ಅತ್ಯಂತ ಕಿರಿಯ ಹುಡುಗನ ಕೈತಗುಲಿ ಕಾಫಿಯ ಲೋಟ ಉರುಳಿದಾಗ ಅವನ ಎಡಗೈ ತಾನಾಗಿ ಕೀಲಿಮಣೆಯ ಕಂಟ್ರೋಲ್-ಝಡ್ ಹುಡುಕಿತು. ಮಾಡಿದ್ದನ್ನು ರದ್ದುಪಡಿಸುವ ಆ ಕೀಲಿ ಕಾಫಿಗೆ ಅನ್ವಯಿಸದೆಂದು ತಿಳಿಯಲು ಅವನಿಗೆ ಎರಡು ಕ್ಷಣ ಬೇಕಾಯಿತು.

ಚಹಾದ ಹೊತ್ತಿನಲ್ಲಿ ವಿನ್ಯಾಸದ ಚರಿತ್ರೆಯಲ್ಲಿ ಬಂದುಹೋದ ನಾಯಿಗಳ ಕಥೆ ನಡೆಯುತ್ತದೆ. ನಮ್ಮ ತಲೆಮಾರಿಗೆ ಮೊದಲು ನೆನಪಾಗುವುದು ಗ್ರಾಮಫೋನ್ ತಟ್ಟೆಯ ಮೇಲಿನ ನಾಯಿ. ಅದು ನಿಪ್ಪರ್ ಎಂಬ ನಿಜವಾದ ನಾಯಿ; 1895ರಲ್ಲಿ ಇಂಗ್ಲೆಂಡಿನಲ್ಲಿ ತೀರಿಕೊಂಡಿತು. ಚಿತ್ರಕಾರ ಫ್ರಾನ್ಸಿಸ್ ಬರೋ ಅದರ ಮುಂದೆ ಮೊದಲು ಬರೆದದ್ದು ಎಡಿಸನ್ ಮಾದರಿಯ ಫೋನೋಗ್ರಾಫ್ ಯಂತ್ರವನ್ನು. 1899ರಲ್ಲಿ ಗ್ರಾಮಫೋನ್ ಕಂಪನಿ ಚಿತ್ರವನ್ನು ಕೊಳ್ಳುವಾಗ, ಹಳೆಯ ಯಂತ್ರದ ಮೇಲೆಯೇ ಬಣ್ಣ ಬಳಿದು ಹೊಸ ಗ್ರಾಮಫೋನನ್ನು ಚಿತ್ರಿಸಿಕೊಟ್ಟ. "ಅಂದರೆ ಎರಡು ಲೇಯರ್ ಸರ್!" ಎಂದು ಹುಡುಗರು ಕುಣಿದಾಡಿದರು. ಫೋಟೋಶಾಪ್‌ಗೆ ಆ ಪದರಗಳು ಬಂದದ್ದು 1994ರಲ್ಲಿ. ಬರೋ ಅದನ್ನು ಹತ್ತಿರ ಹತ್ತಿರ ನೂರು ವರ್ಷ ಮೊದಲೇ ಕುಂಚದಲ್ಲಿ ಮಾಡಿದ್ದ.

2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಕಡತ ಹುಡುಕಲು ಹೊರಟರೆ ಮೂಲೆಯಲ್ಲಿ ಬಾಲ ಅಲ್ಲಾಡಿಸುತ್ತ ಕೂರುತ್ತಿದ್ದ ರೋವರ್ ನಿಮ್ಮಲ್ಲಿ ಅನೇಕರಿಗೆ ನೆನಪಿರಬೇಕು. ಶಾಲೆಯ ಗಣಕಯಂತ್ರದ ಕೋಣೆಯಲ್ಲಿ ಏನೂ ಕಳೆಯದಿದ್ದರೂ ಆ ನಾಯಿಗಾಗಿಯೇ ಹುಡುಕಾಟ ನಡೆಸುತ್ತಿದ್ದ ಮಹನೀಯರು ಈಗ ದೊಡ್ಡ ಕಂಪನಿಗಳಲ್ಲಿದ್ದಾರೆ! ಅದೇ ಎಕ್ಸ್‌ಪಿಯೊಂದಿಗೆ 'ತುಂಗಾ' ಎಂಬ ಕನ್ನಡ ಫಾಂಟೂ ಬಂದಿತ್ತು. ನಾಯಿಗೆ ಸಿಕ್ಕಷ್ಟು ಪ್ರೀತಿ ಅದಕ್ಕೆ ಸಿಗಲಿಲ್ಲ. ಇನ್ನು ಮ್ಯಾಕಿಂಟಾಷ್‌ನಲ್ಲಿ ಸೂಸನ್ ಕೇರ್ ಎಂಬ ವಿನ್ಯಾಸಕಿ ಬರೆದ ಪುಟ್ಟ ನಾಯಿಯೊಂದಿದೆ. ಅದು ಹಸುವಿನಂತೆಯೂ ಕಾಣುವುದರಿಂದ ನಾಯಿಹಸು ಎಂದೇ ಪ್ರಸಿದ್ಧಿ. ಮುದ್ರಿಸುವ ಕಾಗದ ಉದ್ದವೋ ಅಡ್ಡವೋ ಎಂದು ತೋರಿಸುವುದು ಅದರ ಉದ್ಯೋಗ. ಅದರ ಕೂಗು ಬೌ ಅಲ್ಲ, ಅಂಬಾ ಅಲ್ಲ, 'ಮೂಫ್'.

ಆದರೆ ಪರದೆಯ ನಾಯಿ ಯಾರನ್ನೂ ಕುರ್ಚಿಯಿಂದ ಏಳಿಸಲಾರದು. ಒತ್ತು ಏಳಿಸುತ್ತದೆ. ಹನ್ನೊಂದು ಗಂಟೆಗೂ ನಾಲ್ಕು ಗಂಟೆಗೂ ಮೇಜಿನ ಕೆಳಗಿನಿಂದ ಬಂದು ಮೊಣಕಾಲಿಗೆ ಮೂಗು ಒತ್ತಿ ನಿಲ್ಲುತ್ತದೆ (ಹೆಸರು ಇನ್ನೊಂದು ಅರ್ಥದಲ್ಲಿಯೂ ಸಾರ್ಥಕ). ಯಾರಾದರೊಬ್ಬರು ಎದ್ದು ಉದ್ಯಾನದವರೆಗೆ ಹೋಗಿಬರಲೇಬೇಕು. ಗಿರಾಕಿ ಹನ್ನೆರಡನೆಯ ಬಾರಿ ಬಣ್ಣ ಬದಲಿಸೆಂದ ದಿನ ಆ ಹತ್ತು ನಿಮಿಷ ಎಷ್ಟು ಜಗಳಗಳನ್ನು ತಪ್ಪಿಸಿದೆಯೆಂಬುದಕ್ಕೆ ನಾನು ಸಾಕ್ಷಿ.

ಎಲ್ಲರಿಗೂ ಅದು ಪ್ರಿಯವೆಂದಲ್ಲ. 2025ರ ಆಗಸ್ಟ್ 11ರಂದು ದೆಹಲಿಯ ಬೀದಿನಾಯಿಗಳನ್ನೆಲ್ಲ ಆಶ್ರಯತಾಣಗಳಿಗೆ ಸಾಗಿಸಬೇಕೆಂದು ಸುಪ್ರೀಂ ಕೋರ್ಟ್ ಆದೇಶಿಸಿ, 22ರಂದು ಇನ್ನೊಂದು ಪೀಠ ಅದನ್ನು ಮಾರ್ಪಡಿಸಿದಾಗ, ನಮ್ಮ ಕಟ್ಟಡದ ಮಹಡಿಯಲ್ಲಿಯೂ ವಾದ ಎದ್ದಿತು. ಅಲ್ಲಿ ಚಿಕ್ಕ ಮಗುವಿನ ತಾಯಿಯೊಬ್ಬರಿದ್ದಾರೆ. ಅವರ ಭಯವನ್ನು ನಾನು ಲಘುವಾಗಿ ಕಾಣಲಾರೆ. ನನ್ನ ತರಗತಿಯ ಹುಡುಗನೊಬ್ಬನನ್ನು ನಾಯಿ ಕಚ್ಚಿದಾಗ ಅವನನ್ನು ಆಸ್ಪತ್ರೆಗೆ ಕರೆದೊಯ್ದವನು ನಾನು. (ಕಚ್ಚಿದ ಗಾಯವನ್ನು ಕೂಡಲೇ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ತಡಮಾಡದೆ ಲಸಿಕೆ ಹಾಕಿಸಬೇಕು. ಮೇಷ್ಟ್ರ ಬುದ್ಧಿ, ಹೇಳದೆ ಇರಲಾರೆ.) ನನ್ನ ಶಿಷ್ಯೆ ಲಸಿಕೆಯ ದಾಖಲೆಗಳನ್ನು ಆ ತಾಯಿಗೆ ತೋರಿಸಿ, ಮೆಟ್ಟಿಲ ಬಳಿ ಕದವೊಂದನ್ನು ಹಾಕಿಸಿದಳು. ಅಲ್ಲಿಗೆ ಮಾತು ನಿಂತಿತು.

ಆ ವರ್ಷದ ನರಕ ಚತುರ್ದಶಿಯ ರಾತ್ರಿ, ಅಕ್ಟೋಬರ್ 20ರಂದು, ಒತ್ತು ಕಾಣೆಯಾಯಿತು.

ನಮ್ಮ ಕಿವಿಗೆ ಕೇಳುವ ಕಂಪನಗಳ ಮಿತಿ ಸೆಕೆಂಡಿಗೆ ಸುಮಾರು 20,000, ನಾಯಿಗೆ 45,000ದವರೆಗೆ. ನಮಗೆ ಬರಿಯ ಸದ್ದೆನಿಸುವ ಪಟಾಕಿ ಅದಕ್ಕೆ ಏನಾಗಿ ಕೇಳಿತೋ, ಹೊಸ ಕದವನ್ನು ಹಾರಿ ಓಡಿತ್ತು. ಮರುದಿನ ಮಂಗಳವಾರ, ನಾನು ಹೋದಾಗ ಯಂತ್ರಗಳೆಲ್ಲ ಮುಚ್ಚಿದ್ದವು. ಒಂದು ನಾಮಫಲಕಕ್ಕೆ ವಾರಗಟ್ಟಲೆ ಫಾಂಟು ಆರಿಸುವ ಆ ಮಂದಿ ಇಪ್ಪತ್ತು ನಿಮಿಷದಲ್ಲಿ 'ನಾಯಿ ಕಾಣೆಯಾಗಿದೆ' ಎಂಬ ಪ್ರಕಟಣೆ ಸಿದ್ಧಪಡಿಸಿದ್ದರು. ತಿದ್ದಲು ನನಗೆ ಏನೂ ಉಳಿದಿರಲಿಲ್ಲ. ಚಿತ್ರವನ್ನೂ ಬರಹವನ್ನೂ ವಾಟ್ಸ್ಆ್ಯಪ್‌ನಲ್ಲಿ ಎಲ್ಲರಿಗೂ ಕಳುಹಿಸಿ, ಬೀದಿ ಬೀದಿ ಹಂಚಿಕೊಂಡು ಹುಡುಕಿದೆವು. ಕೊಂಬು ಮಾತ್ರ ಮೇಜಿನ ಕೆಳಗಿನ ಆ ಖಾಲಿ ಜಾಗದಲ್ಲಿ ಕೂರಲೊಲ್ಲದೆ ಬಾಗಿಲಲ್ಲೇ ಮಲಗಿತು. ಎರಡು ದಿನ ಸ್ಟುಡಿಯೋದಲ್ಲಿ ಯಾರೂ ಹನ್ನೊಂದು ಗಂಟೆಗೆ ಕುರ್ಚಿಯಿಂದ ಏಳಲಿಲ್ಲ. ಕಿರಿಯ ಹುಡುಗ ಊಟದ ಡಬ್ಬಿ ತೆರೆಯದೆ ಮನೆಗೆ ಒಯ್ದನೆಂದು ನನಗೆ ಆಮೇಲೆ ತಿಳಿಯಿತು.

ಗುರುವಾರ ಸಂಜೆ ಲಿಂಗಾಂಬುಧಿ ಕೆರೆಯ ಕಡೆಯಿಂದ ಕರೆ ಬಂತು. ಕಟ್ಟುತ್ತಿರುವ ಮನೆಯೊಂದರಲ್ಲಿ ಕೆಲಸಕ್ಕಿದ್ದ, ರಾಯಚೂರು ಕಡೆಯ ಒಂದು ಕುಟುಂಬದವರು ಮಾಡಿದ ಕರೆ. ನಾವು ಹೋದಾಗ ಒತ್ತು ಸಿಮೆಂಟು ಚೀಲಗಳ ಪಕ್ಕದಲ್ಲಿ ಮುಂಗಾಲಿಗೆ ಬಟ್ಟೆ ಸುತ್ತಿಸಿಕೊಂಡು ಮಲಗಿತ್ತು. ಎರಡು ದಿನದಿಂದ ರೊಟ್ಟಿ ಹಾಕಿ ಸಾಕಿದ್ದರು. ಗುರುತು ಹಿಡಿದದ್ದು ಹೇಗೆಂದು ಕೇಳಿದೆ. ಆ ತಾಯಿ ಮಗಳತ್ತ ಕೈ ತೋರಿಸಿದಳು: "ಇಕಿ ಓದ್ಯಾಳ್ರಿ."

ಹತ್ತು ವರ್ಷದ ಹುಡುಗಿ. ಅವಳ ಕೈಯಲ್ಲಿದ್ದ ಕಾಗದ ನಾವು ಸಿದ್ಧಪಡಿಸಿದ ಪ್ರಕಟಣೆಯೇ ಅಲ್ಲ. ಯಾವುದೋ ಜೆರಾಕ್ಸ್ ಅಂಗಡಿಯ ಪುಣ್ಯಾತ್ಮನೊಬ್ಬ ವಾಟ್ಸ್ಆ್ಯಪ್‌ನ ಬರಹವನ್ನು ತನ್ನ ಹಳೆಯ ಫೋಟೋಶಾಪ್‌ನಲ್ಲಿ ಅಂಟಿಸಿ, ಸ್ವಂತ ಖರ್ಚಿನಲ್ಲಿ ಅಚ್ಚು ಮಾಡಿ ಗೋಡೆಗಳಿಗೆ ಹಚ್ಚಿದ್ದ. ಅದರಲ್ಲಿ ಒಂದೇ ಒಂದು ಒತ್ತೂ ತನ್ನ ಸ್ಥಾನದಲ್ಲಿರಲಿಲ್ಲ. ನಾಯಿಯ ಹೆಸರು 'ಒತ್‌ತು' ಎಂದಾಗಿತ್ತು. ಹುಡುಗಿ ಕಂಡದ್ದನ್ನು ಕಂಡ ಹಾಗೆಯೇ ಬಿಡಿಸಿ, "ಒತ್... ತು" ಎಂದು ಗಟ್ಟಿಯಾಗಿ ಓದಿದಳಂತೆ. ಮಲಗಿದ್ದ ನಾಯಿ ಕಿವಿ ನಿಮಿರಿಸಿ ಎದ್ದು ಕುಂಟುತ್ತ ಬಂದು ಅವಳ ಮೊಣಕಾಲಿಗೆ ಮೂಗು ಒತ್ತಿತಂತೆ.

ಅವಳು ಊರಿನಲ್ಲಿ ಐದನೆಯ ತರಗತಿ ಓದುತ್ತಿದ್ದವಳು. ದಸರಾ ರಜೆಗೆ ಬಂದು ಹಾಗೆಯೇ ಉಳಿದಿದ್ದಳು. ವರ್ಗಾವಣೆ ಪತ್ರವಿಲ್ಲದಿದ್ದರೂ, ವರ್ಷದ ನಡುವೆಯೂ ಶಾಲೆಗೆ ಸೇರಿಸಿಕೊಳ್ಳಲೇಬೇಕೆಂದು 2009ರ ಶಿಕ್ಷಣ ಹಕ್ಕು ಕಾಯಿದೆ ಹೇಳುತ್ತದೆ. ನವೆಂಬರ್ ಮೊದಲ ವಾರದಿಂದ ಅವಳು ಹತ್ತಿರದ ಸರ್ಕಾರಿ ಶಾಲೆಗೆ ಹೋಗುತ್ತಿದ್ದಾಳೆ. ಈ ವಿಚಾರವಾಗಿ ನಾನು ಎರಡು ಬಾರಿ ಸ್ಕೂಟರ್ ಓಡಿಸಿದ್ದು ಬಿಟ್ಟರೆ ಹೆಚ್ಚೇನೂ ಮಾಡಿಲ್ಲ.

ಸ್ಟುಡಿಯೋದಲ್ಲಿ ಪ್ರತಿ ಶುಕ್ರವಾರ ಒಂದು ಪಂದ್ಯ ನಡೆಯುತ್ತದೆಂದು ಹೇಳುವುದೇ ಮರೆತೆ. ವಾರದಲ್ಲಿ ಕಂಡ ಅಕ್ಷರದೋಷದ ಫಲಕದ ಚಿತ್ರವನ್ನು ಪ್ರತಿಯೊಬ್ಬರೂ ತರಬೇಕು. ಗೆದ್ದವರಿಗೆ ಉಳಿದವರು ಸೇರಿ ಬೆಣ್ಣೆ ಮಸಾಲೆ ದೋಸೆ ಕೊಡಿಸಬೇಕು. 'ವಿಶ್ರಾಂತಿ ಗೃಹ'ವನ್ನು 'ವಿಶ್ರಾಂತಿ ಗ್ರಹ' ಎಂದು ಅಂತರಿಕ್ಷಕ್ಕೇರಿಸಿದ ಫಲಕ ಬಹಳ ಕಾಲ ದಾಖಲೆಯಾಗಿ ಉಳಿದಿತ್ತು. ಒತ್ತು ಮರಳಿದ ಮರುದಿನವೇ ಶುಕ್ರವಾರ. ಆ ಜೆರಾಕ್ಸ್ ಪ್ರಕಟಣೆ ಅವಿರೋಧವಾಗಿ ಗೆದ್ದಿತು. ತಂದವಳು ಆ ಹುಡುಗಿಯೇ ಆದ್ದರಿಂದ ದೋಸೆ ಅವಳಿಗೇ ಸಂದಿತು. ಅವಳಮ್ಮನಿಗೂ ಒಂದು ಕಟ್ಟಿಸಿದೆವು. ಪ್ರಕಟಣೆಗೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಾರೆ. ಒಳಬಂದವರೆಲ್ಲ ಅದನ್ನು ನೋಡಿ, "ಮೇಷ್ಟ್ರೇ, ತಪ್ಪಿದೆಯಲ್ಲ, ತಿದ್ದಬಾರದೆ?" ಎನ್ನುತ್ತಾರೆ. ನಾನು ಮೇಜಿನ ಕೆಳಗೆ ಕೈ ತೋರಿಸುತ್ತೇನೆ.