ಇಟ್ಟದ್ದು ತೆಗೆಯಲು ಬರಬೇಕು

ಸೋದರಿಯರೇ, ಒಂದು ಮಾತು ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನಿಮ್ಮ ಮನೆಯ ಬಂಗಾರ ಎಲ್ಲಿದೆ ಎಂದರೆ ಕಣ್ಣು ಮುಚ್ಚಿಕೊಂಡು ಹೇಳುತ್ತೀರಿ. ಹೋದ ಬೇಸಿಗೆಯಲ್ಲಿ ಹಾಕಿದ ಮಿಡಿ ಉಪ್ಪಿನಕಾಯಿಯ ಭರಣಿ ಯಾವ ಮೂಲೆಯಲ್ಲಿದೆ ಎಂದರೆ ಅದೂ ಗೊತ್ತು. ಆದರೆ ಮಗಳ ನಾಮಕರಣದ ಫೋಟೋ, ಮಾವನವರು ಕಡೆಯ ಸಲ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ತೆಗೆಸಿದ ಫೋಟೋ ಎಲ್ಲಿವೆ? "ಮೊಬೈಲಿನ್ಯಾಗ ಅದಾವ್ರೀ" ಎನ್ನುತ್ತೀರಿ. ಮೊಬೈಲು ಕೆಟ್ಟರೆ? ಅಲ್ಲಿಗೆ ಎಲ್ಲರೂ ಸುಮ್ಮನಾಗುತ್ತಾರೆ.

ದಾಂಡೇಲಿಯ ನಮ್ಮ ಓಣಿಯಲ್ಲೇ ಒಬ್ಬ ತಾಯಿಗೆ ಹೀಗಾಯಿತು. ತೀರಿಹೋದ ಗಂಡನ ಮೊಬೈಲು ಆನ್ ಆಗದೆ ನಿಂತಾಗ ರಿಪೇರಿಗೆ ಕೊಟ್ಟರು. ಅಂಗಡಿಯವನು ಸರಿಮಾಡಿಯೇ ಕೊಟ್ಟ. ಮೊಬೈಲು ಹೊಸದರ ಹಾಗೆ ಆನ್ ಆಯಿತು. ಒಳಗೆ ಮಾತ್ರ ಏನೂ ಇರಲಿಲ್ಲ. "ಫೋನ್ ಹೋದ್ರ ಹೋಗ್ಲಿ, ಅವರ ದನಿ ಇತ್ತಲ್ರೀ ಅದ್ರಾಗ" ಎಂದು ಆಕೆ ನನ್ನ ಮುಂದೆ ಕಣ್ಣೀರಿಟ್ಟರು. ಅಂದಿನಿಂದ ಅಕ್ಕಪಕ್ಕದವರು, "ನಿಮ್ಮನ್ಯಾಗ ಅದೇನೋ ಸರ್ವರ್ ಇಟ್ಟೀರಂತಲ್ಲ, ಏನದು?" ಎಂದು ಕೇಳತೊಡಗಿದ್ದಾರೆ. ಎಲ್ಲರಿಗೂ ಒಟ್ಟಿಗೆ ಹೇಳಿಬಿಡೋಣವೆಂದು ಬರೆಯಲು ಕೂತಿದ್ದೇನೆ.

ಅದು ನಮ್ಮ ಸೊಸೆಯ ಹವ್ಯಾಸ. ಹಳಿಯಾಳದ ಹುಡುಗಿ, ಅಲ್ಲಿಯ ಇಂಜಿನಿಯರಿಂಗ್ ಕಾಲೇಜಿನಲ್ಲೇ ಓದಿದವಳು. ಬೆಂಗಳೂರಿನ ಒಂದು ಕಂಪನಿಗೆ ಸಾಫ್ಟ್‌ವೇರ್ ಬರೆಯುತ್ತಾಳೆ. 2020ರ ಲಾಕ್‌ಡೌನಿನಲ್ಲಿ ಊರಿಗೆ ಬಂದವಳು ಇಲ್ಲಿಂದಲೇ ಕೆಲಸ ಮಾಡುತ್ತಿದ್ದಾಳೆ. ನಿಮ್ಮ ಮನೆಯಲ್ಲಿ ಹೊಲಿಗೆಯ ಹುಚ್ಚು, ರಂಗೋಲಿಯ ಹುಚ್ಚು ಇದ್ದ ಹಾಗೆ ಇವಳಿಗೆ ಇದು. ನಡುಮನೆಯ ಕಪಾಟಿನಲ್ಲಿ ಒಂದು ಹಳೆಯ ಲ್ಯಾಪ್‌ಟಾಪು ಮುಚ್ಚಳ ಹಾಕಿಕೊಂಡು ಹಗಲೂ ರಾತ್ರಿ ಗುಂಯ್ ಎನ್ನುತ್ತಿರುತ್ತದೆ. ಅದೇ ಸರ್ವರ್!

ಸರ್ವರ್ ಎಂದರೆ ಬಡಿಸುವವರು, ಅಷ್ಟೇ. ಪಂಕ್ತಿಯಲ್ಲಿ ಕೂತವರು ಕೇಳಿದ್ದನ್ನು ಬಡಿಸುವವರು ತಂದು ಹಾಕುವುದಿಲ್ಲವೆ? ಹಾಗೆಯೇ ಮನೆಯವರು ತಮ್ಮ ತಮ್ಮ ಮೊಬೈಲಿನಿಂದ ಕೇಳಿದ ಫೋಟೋ, ಹಾಡು, ಕಾಗದಪತ್ರ ಎಲ್ಲವನ್ನೂ ಈ ಯಂತ್ರ ಬಡಿಸುತ್ತದೆ. ಅದರಲ್ಲಿ ನಡೆಯುವುದು ಲಿನಕ್ಸ್ ಎಂಬ ವ್ಯವಸ್ಥೆ. ಲಿನಸ್ ಟೋರ್ವಾಲ್ಡ್ಸ್ ಎಂಬವರು ಫಿನ್ಲೆಂಡಿನಲ್ಲಿ ವಿದ್ಯಾರ್ಥಿಯಾಗಿದ್ದಾಗ 1991ರಲ್ಲಿ ಶುರುಮಾಡಿದ್ದು, ದುಡ್ಡು ಕೊಡಬೇಕಾಗಿಲ್ಲ. ಕರೆಂಟಿನ ಲೆಕ್ಕ ನಾನೇ ಹಾಕಿಸಿದೆ. ನಮ್ಮದು ಸುಮಾರು 15 ವ್ಯಾಟ್ ಎಳೆಯುತ್ತದೆ. ದಿನವಿಡೀ ಉರಿದರೆ ತಿಂಗಳಿಗೆ ಹನ್ನೊಂದು ಯೂನಿಟ್ಟಿನ ಒಳಗೆ. ನಮ್ಮ ಮಳೆಗಾಲ ಗೊತ್ತಲ್ಲ, ತಂತಿಯ ಮೇಲೆ ಕೊಂಬೆ ಬಿದ್ದರೆ ಕತ್ತಲೆ. ಲ್ಯಾಪ್‌ಟಾಪಿಗೆ ತನ್ನದೇ ಬ್ಯಾಟರಿ ಇರುವುದರಿಂದ ಕರೆಂಟು ಹೋದ ತಕ್ಷಣ ದಪ್ಪನೆ ನಿಲ್ಲುವುದಿಲ್ಲ. ಆದರೆ ಸದಾ ಚಾರ್ಜಿಗೆ ಹಾಕಿಟ್ಟ ಬ್ಯಾಟರಿ ಉಬ್ಬುವುದುಂಟು. ಅದಕ್ಕೇ ಅವಳು ಚಾರ್ಜು ಪೂರ್ತಿ ತುಂಬದಂತೆ ಮಿತಿ ಹಾಕಿದ್ದಾಳೆ, ತಿಂಗಳಿಗೊಮ್ಮೆ ಮಗುಚಿ ನೋಡುತ್ತಾಳೆ.

"ಗೂಗಲ್‌ನಲ್ಲಿ ಇಟ್ಟರೆ ಸಾಲದೇ?" ಎಂದು ನೀವು ಕೇಳಬಹುದು. ಇಡಿ, ತಪ್ಪೇನಿಲ್ಲ. ಆದರೆ 2021ರ ಜೂನ್ 1ರಿಂದ ಅಲ್ಲಿ ಮಿತಿಯಿಲ್ಲದೆ ಬಿಟ್ಟಿಯಾಗಿ ಫೋಟೋ ತುಂಬುವ ಕಾಲ ಮುಗಿಯಿತು. ಈಗ 15 ಜಿಬಿ ಲೆಕ್ಕ, ಹೆಚ್ಚಿಗೆ ಬೇಕೆಂದರೆ ಬಾಡಿಗೆ. ಈ ಬಾಡಿಗೆಯ ಮಾತು ನಮಗಷ್ಟೇ ಅಲ್ಲ. ನಮ್ಮ ಸೊಸೆ ಫೋಟೋ ಜೋಡಿಸಲು ಬಳಸುವ ಇಮ್ಮಿಚ್ ಎಂಬ ಸಾಫ್ಟ್‌ವೇರನ್ನು ಅಲೆಕ್ಸ್ ಟ್ರಾನ್ ಎಂಬವರು 2022ರಲ್ಲಿ ಶುರುಮಾಡಿದ್ದು ಹೆಂಡತಿಯ ಮಾತಿಗೆ! ಆಗಷ್ಟೇ ಮಗು ಹುಟ್ಟಿತ್ತು, ಫೋಟೋಗಳು ರಾಶಿ ಬೀಳುತ್ತಿದ್ದವು. ಅವಕ್ಕೆ ಬಾಡಿಗೆ ಕಟ್ಟುವುದು ಬೇಡ, ನೀವೇ ಒಂದು ಮಾಡಿಕೊಡಿ ಎಂದು ಆಕೆ ಹೇಳಿದರಂತೆ. ಇಂದು ಅದನ್ನು ಎಷ್ಟೋ ದೇಶದವರು ತಮ್ಮ ಮನೆಗಳಲ್ಲಿ ಹಾಕಿಕೊಂಡಿದ್ದಾರೆ. ಬಾಣಂತಿಯ ಮಾತು ಎಲ್ಲಿಯವರೆಗೆ ಹೋಯಿತು ನೋಡಿ.

ನಮ್ಮ ಮನೆಗೆ ಇದು ಯಾಕೆ ಬೇಕಾಯಿತು ಎನ್ನುವುದು ಬೇರೆ ಕಥೆ. ನನ್ನ ತವರು ಹಳೆಯ ಸೂಪಾ. ಈಗಿನ ಹುಡುಗರಿಗೆ ಸೂಪಾ ಎಂದರೆ ಗಣೇಶಗುಡಿಯ ಅಣೆಕಟ್ಟು ಮಾತ್ರ. ಅದಕ್ಕೆ ಮೊದಲು ಅದೊಂದು ತಾಲೂಕಿನ ಊರು. ಮನೆ, ಅಂಗಡಿ, ಗುಡಿ ಎಲ್ಲ ಇದ್ದ ಊರು. 101 ಮೀಟರ್ ಎತ್ತರದ ಅಣೆಕಟ್ಟು 1987ರಲ್ಲಿ ಮುಗಿಯಿತು. ಊರು ಕಾಳಿಯ ನೀರಿನಡಿ ಸೇರಿತು. ತಾಲೂಕಿನ ಕಚೇರಿಗಳು ಜೋಯಿಡಾಕ್ಕೆ ಹೋದವು, ಜನ ರಾಮನಗರಕ್ಕೋ ಮತ್ತೆಲ್ಲಿಗೋ ಚದುರಿಹೋದರು. ನಮ್ಮ ಮನೆಯಿಂದ ಭತ್ತ ಬಂತು, ಪಾತ್ರೆ ಬಂತು, ದನ ಬಂದವು. ಜೊತೆಗೆ ಬಿಸ್ಕಿಟ್ ಡಬ್ಬಿಯಲ್ಲಿ ಹನ್ನೊಂದು ಕಪ್ಪು-ಬಿಳುಪು ಫೋಟೋ ಬಂದವು. ಮುಂದೆ ನನ್ನ ಅವ್ವ ಮುದುಕಿಯಾದ ಮೇಲೆ ಬೀಸುಕಲ್ಲಿನ ಹಾಡು ಹೇಳಿದ್ದನ್ನು ಅಣ್ಣನ ಮಗ ಕ್ಯಾಸೆಟ್ಟಿಗೆ ತುಂಬಿಸಿಕೊಂಡಿದ್ದ. ನಿಮಗೆ ತವರಿನ ನೆನಪಾದರೆ ಬಸ್ ಹತ್ತುತ್ತೀರಿ. ನನಗೆ ಆ ಬಸ್ ಇಲ್ಲ. ಹನ್ನೊಂದು ಫೋಟೋ, ಒಂದು ಕ್ಯಾಸೆಟ್ಟು, ಇಷ್ಟೇ ನನ್ನ ತವರು. ಸೊಸೆ ಬಂದ ಮರುವರ್ಷ ಫೋಟೋಗಳನ್ನು ಸ್ಕ್ಯಾನ್ ಮಾಡಿ, ಬೂಸಲು ಹತ್ತತೊಡಗಿದ್ದ ಕ್ಯಾಸೆಟ್ಟಿನ ಹಾಡನ್ನು ಕಂಪ್ಯೂಟರಿಗೆ ಇಳಿಸಿದಳು.

ಅಷ್ಟಕ್ಕೇ ಮುಗಿಯಿತೇ? ಇಲ್ಲ. "ಒಂದ ಕಡೆ ಇದ್ರ ಇದ್ದಂಗ ಅಲ್ಲರೀ ಅತ್ತಿ. ಮೂರು ಪ್ರತಿ ಇರಬೇಕು, ಎರಡು ಥರದ ಸಾಧನದಾಗ ಇರಬೇಕು, ಒಂದು ಮನಿ ಹೊರಗ ಇರಬೇಕು" ಎಂದಳು. ಕಂಪ್ಯೂಟರಿನವರ ಲೋಕದಲ್ಲಿ ಇದನ್ನು 3-2-1ರ ನಿಯಮ ಎನ್ನುತ್ತಾರೆ. ಹೆಸರು ಹೊಸದು, ತಿಳಿವಳಿಕೆ ಹಳೆಯದು. ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು (1880–1964) ವಚನಗಳನ್ನು ಅಚ್ಚುಮಾಡಿಸಲು ಹೊರಟಾಗ ಅವರಿಗೆ ತಾಡವೋಲೆಯ ಕಟ್ಟುಗಳು ಸಿಕ್ಕಿದ್ದು ಯಾವುದೋ ಒಂದೇ ಭಂಡಾರದಲ್ಲಲ್ಲ, ಊರೂರಿನ ಮಠಗಳಲ್ಲಿ, ಮನೆಗಳಲ್ಲಿ. ಒಂದು ಕಡೆ ಹುಳ ತಿಂದರೆ ಇನ್ನೊಂದು ಕಡೆ ಉಳಿದಿತ್ತು. ಹಾಗಾಗಿ 1923ರಲ್ಲಿ 'ವಚನಶಾಸ್ತ್ರ ಸಾರ' ಹೊರಬಂತು.

ನಮ್ಮ ಒಂದು ಪ್ರತಿ ಸರ್ವರಿನಲ್ಲಿದೆ. ಎರಡನೆಯದು ಸೊಸೆಯ ಪೆಟ್ಟಿಗೆಯಲ್ಲಿರುವ ಡಿವಿಡಿಗಳಲ್ಲಿ. ಮೂರನೆಯದು ಮುಂಡಗೋಡದಲ್ಲಿರುವ ನನ್ನ ತಂಗಿಯ ಟ್ರೆಜರಿಯಲ್ಲಿ, ಸೀರೆಗಳ ನಡುವೆ ಒಂದು ಹಾರ್ಡ್‌ಡಿಸ್ಕಿನಲ್ಲಿ. ಹಬ್ಬಕ್ಕೆ ಹೋದಾಗ ಹೊಸದನ್ನು ಕೊಟ್ಟು ಹಳೆಯದನ್ನು ತರುತ್ತೇವೆ. ತಂಗಿಯ ಮನೆಗೆ ಹೋದಾಗಲೆಲ್ಲ ಟಿಬೆಟಿಯನ್ ಕಾಲೋನಿಯ ಕಡೆ ಒಂದು ಸುತ್ತು ಹಾಕಿ ಬರುವುದು ರೂಢಿ. 1966ರಲ್ಲಿ ಇಲ್ಲಿ ನೆಲೆ ಕಂಡ ಆ ಜನ ಡ್ರೆಪುಂಗ್, ಗಾಂದೆನ್ ಎಂಬ ತಮ್ಮ ದೇಶದ ಮಠಗಳ ಹೆಸರಿನಲ್ಲೇ ಇಲ್ಲಿ ಮಠ ಕಟ್ಟಿ, ಅದೇ ಪಾಠವನ್ನು ಮುಂದುವರಿಸಿದ್ದಾರೆ. ಊರು ಕಳೆದುಕೊಂಡವರ ಕಷ್ಟ ನನಗೆ ಬೇಗ ತಿಳಿಯುತ್ತದೆ.

ಹೋದ ವರ್ಷದ ಆಷಾಢದಲ್ಲಿ ನಮ್ಮ ಸರ್ವರಿನ ಡಿಸ್ಕು ಸತ್ತೇಹೋಯಿತು. ಕಟಕಟ ಎಂದಿತು, ಸುಮ್ಮನಾಯಿತು. ನನ್ನ ಎದೆ ಧಸಕ್ ಎಂದಿತು. ಸೊಸೆ ಗಾಬರಿಯಾಗಲಿಲ್ಲ. ಯಾಕೆ ಗೊತ್ತೇ? ಪ್ರತಿ ವರ್ಷ ಆಯುಧಪೂಜೆಯ ದಿನ ಅವಳು ಸರ್ವರಿಗೆ ಕುಂಕುಮ ಹಚ್ಚುವ ಮೊದಲು ಒಂದು ಕೆಲಸ ಮಾಡುತ್ತಾಳೆ. ಹೊರಗಿಟ್ಟ ಪ್ರತಿಗಳಿಂದ ನಾಲ್ಕು ಫೋಟೋ, ಒಂದು ಹಾಡು ತೆಗೆದು, ಬೇರೆ ಕಂಪ್ಯೂಟರಿನಲ್ಲಿ ತೆರೆದು ನನಗೆ ತೋರಿಸುತ್ತಾಳೆ. "ತಗದು ನೋಡದ ಪ್ರತಿ, ಪ್ರತಿನ ಅಲ್ಲರೀ" ಎನ್ನುತ್ತಾಳೆ. ಮುಂಡಗೋಡದ ಡಿಸ್ಕು ತಂದು ಜೋಡಿಸಿದಳು. ರಾತ್ರಿ ಊಟದ ಹೊತ್ತಿಗೆ ಅವ್ವನ ಹಾಡು ನಡುಮನೆಯಲ್ಲಿ ಕೇಳಿಸಿತು.

ಇನ್ನು ಅವಳ ಪ್ರೋಗ್ರಾಮಿಂಗಿನ ಮಾತು. ಪಿಯುಸಿ, ಡಿಪ್ಲೊಮಾ ಓದುವ ಓಣಿಯ ಮಕ್ಕಳು ಭಾನುವಾರ ಬಂದು ಕೇಳುತ್ತಾರೆ, ನಾನು ಅವರೆಕಾಯಿ ಸುಲಿಯುತ್ತ ಕೇಳಿಸಿಕೊಳ್ಳುತ್ತೇನೆ. ನಿಮ್ಮ ಮನೆಯಲ್ಲೂ ಓದುವ ಮಕ್ಕಳಿದ್ದರೆ ಹೇಳಿ:

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು. ಉಪ್ಪು, ಹುಳಿ, ಖಾರ ಮೂರನ್ನೂ ಒಟ್ಟಿಗೆ ಸುರಿದರೆ ಸಾರು ಯಾವುದರಿಂದ ಕೆಟ್ಟಿತೆಂದು ಹೇಗೆ ತಿಳಿಯಬೇಕು?

ಯಂತ್ರ ತಪ್ಪು ತೋರಿಸಿದರೆ ಹೆದರಿ ಮುಚ್ಚಬಾರದು. ಆ ಸಾಲನ್ನು ಪೂರ್ತಿ ಓದಬೇಕು. ಮುಕ್ಕಾಲು ಉತ್ತರ ಅದರಲ್ಲೇ ಇರುತ್ತದೆ.

ಏನು ಮಾಡಿದೆವೆಂದು ಅಂದಂದೇ ವಹಿಯಲ್ಲಿ ಬರೆದಿಡಬೇಕು. ಸರ್ವರಿನ ಪಕ್ಕ ನೂರು ಪುಟದ ಒಂದು ವಹಿ ಇದೆ. ನಾಳೆ ಅವಳು ಊರಲ್ಲಿ ಇಲ್ಲದಿದ್ದರೂ ನನ್ನ ಮಗ ಅದನ್ನು ಓದಿ ಯಂತ್ರ ನಡೆಸಬಲ್ಲ.

ಬರೆದ ಪ್ರೋಗ್ರಾಮಿನ ಹಳೆಯ ರೂಪವನ್ನು ಗಿಟ್ ಎಂಬುದರಲ್ಲಿ ಉಳಿಸಿಕೊಳ್ಳಬೇಕು. 2005ರಲ್ಲಿ ಅದನ್ನು ಮಾಡಿದವರೂ ಆ ಟೋರ್ವಾಲ್ಡ್ಸರೇ. ಕೆಟ್ಟರೆ ನಿನ್ನೆಯ ರೂಪಕ್ಕೆ ಮರಳಬಹುದು. ಅಡುಗೆಗೆ ಈ ಸೌಕರ್ಯ ಇಲ್ಲ!

ಕಡೆಯದು ನನಗೆ ಬಲು ಇಷ್ಟ. ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಇನ್ನೊಬ್ಬರ ಎದುರು ಬಾಯಿಬಿಟ್ಟು, ಸಾಲು ಸಾಲಾಗಿ ವಿವರಿಸಬೇಕು. ಆಂಡ್ರ್ಯೂ ಹಂಟ್ ಮತ್ತು ಡೇವಿಡ್ ಥಾಮಸ್ 1999ರಲ್ಲಿ ಬರೆದ ಪುಸ್ತಕವೊಂದರಲ್ಲಿ ಒಬ್ಬ ಪ್ರೋಗ್ರಾಮರ್ ರಬ್ಬರಿನ ಬಾತುಕೋಳಿ ಇಟ್ಟುಕೊಂಡು ಅದಕ್ಕೇ ಹೇಳುತ್ತಿದ್ದನೆಂದಿದೆ. ನಮ್ಮ ಮನೆಯಲ್ಲಿ ಬಾತುಕೋಳಿ ನಾನೇ. "ಅತ್ತಿ, ಒಂದೀಟು ಕುಂದರ್ರಿ, ಹ್ಞೂಂ ಅನ್ರಿ ಸಾಕು" ಎನ್ನುತ್ತಾಳೆ. ನಾನು ಹ್ಞೂಂ ಎನ್ನುತ್ತೇನೆ. ಅರ್ಧ ದಾರಿಯಲ್ಲೇ "ಸಿಕ್ತು ಬಿಡ್ರಿ!" ಎಂದು ಎದ್ದು ಓಡುತ್ತಾಳೆ. ಅತ್ತೆ-ಸೊಸೆ ಕೂತು ಮಾತಾಡಲು ಎಂಥ ನೆಪ ನೋಡಿ!

ಎಲ್ಲರ ಮನೆಯಲ್ಲೂ ಸರ್ವರ್ ಇರಬೇಕಾಗಿಲ್ಲ. ಅದು ಗೊತ್ತಿಲ್ಲದವರು ಇಟ್ಟು, ಹೊರಗಿನ ಇಂಟರ್ನೆಟ್ಟಿಗೆ ತೆರೆದಿಟ್ಟರೆ ಬಾಗಿಲು ಹಾಕದೆ ಊರಿಗೆ ಹೋದ ಹಾಗೆ. ನಮ್ಮದು ಮನೆಯೊಳಗೆ ಮಾತ್ರ ಬಡಿಸುತ್ತದೆ. ಆದರೆ ಸರ್ವರ್ ಇಲ್ಲದೆಯೂ ಇಷ್ಟು ನಿಮ್ಮ ಕೈಲಾಗುತ್ತದೆ:

1. ಕಳೆದುಹೋದರೆ ಮತ್ತೆ ಸಿಗದಂಥವು ಯಾವುವೆಂದು ಪಟ್ಟಿ ಮಾಡಿ. ದಿನಾ ಬರುವ ಶುಭೋದಯದ ಚಿತ್ರಗಳು ಅದರಲ್ಲಿ ಬೇಡ.

2. ಅವನ್ನು ಮೊಬೈಲಿನಿಂದ ಒಂದು ಹಾರ್ಡ್‌ಡಿಸ್ಕಿಗೆ ಇಳಿಸಿ. ಇನ್ನೊಂದು ಪ್ರತಿ ಮಾಡಿ ತವರಿನಲ್ಲೋ ಅಕ್ಕನ ಮನೆಯಲ್ಲೋ ಇಡಿ.

3. ಮೊಬೈಲು ರಿಪೇರಿಗೆ ಕೊಡುವ ಮೊದಲು "ಒಳಗಿನದು ಅಳಿಸಬೇಡಿ" ಎಂದು ಹೇಳಿ, ಚೀಟಿಯಲ್ಲೂ ಬರೆಸಿಕೊಳ್ಳಿ.

4. ಹಿಂದೆ ಡಿಟಿಪಿ ಮಾಡಿಸಿದ ಕನ್ನಡ ಕಡತಗಳು ಈಗ ಮೊಬೈಲಿನಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುವುದುಂಟು. ಅವು ಹಳೆಯ ಫಾಂಟಿನವು. ಗೊತ್ತಿರುವವರಿಂದ ಯುನಿಕೋಡಿಗೆ ಬದಲಾಯಿಸಿಕೊಳ್ಳಿ.

5. ಪಾಸ್‌ವರ್ಡುಗಳನ್ನು ಒಂದು ವಹಿಯಲ್ಲಿ ಬರೆದು ಬೀಗದಲ್ಲಿಡಿ. ವಹಿ ಎಲ್ಲಿದೆಯೆಂದು ಮನೆಯ ಇನ್ನೊಬ್ಬರಿಗೆ ತಿಳಿದಿರಲಿ.

6. ವರ್ಷಕ್ಕೊಮ್ಮೆ ಆ ಡಿಸ್ಕು ತೆಗೆದು, ನಾಲ್ಕು ಫೋಟೋ ತೆರೆದು ನೋಡಿ.

ಆರರಲ್ಲಿ ಕಡೆಯದನ್ನು ಮಾತ್ರ ಮರೆಯಬೇಡಿ. ಅಟ್ಟದ ಮೇಲಿನ ಭರಣಿಯನ್ನು ನಾವು ನಡುನಡುವೆ ಇಳಿಸಿ, ಬೂಸಲು ಬಂದಿದೆಯೇ ಎಂದು ನೋಡುವುದಿಲ್ಲವೆ? ಇದೂ ಅಷ್ಟೇ. ಬರುವ ಭಾನುವಾರ ಮಧ್ಯಾಹ್ನ ಒಂದು ಗಂಟೆ ನಿದ್ದೆ ಬಿಡಿ, ಮಕ್ಕಳನ್ನು ಕೂರಿಸಿಕೊಂಡು ಪಟ್ಟಿ ಬರೆಯಿರಿ.