ಹುಬ್ಬಿಗೆ ನಲವತ್ತು ರೂಪಾಯಿ

2025ರ ಸೆಪ್ಟೆಂಬರಿನ ಒಂದು ಭಾನುವಾರ. ಪಿತೃಪಕ್ಷ ನಡೆದಿತ್ತು. ಊಟ ಮುಗಿಸಿ, ಪೇಪರು ಮುಖದ ಮೇಲೆ ಹಾಕಿಕೊಂಡು ಮಲಗುವ ತಯಾರಿಯಲ್ಲಿದ್ದೆ. ಅಷ್ಟರಲ್ಲಿ ತಂಗಿ ಬಂದಳು. ಕೈಯಲ್ಲಿ ಎಂದಿನ ಕಪ್ಪು ಬ್ಯಾಗು ಇರಲಿಲ್ಲ, ನೂರು ಪುಟದ ಒಂದು ನೋಟ್‌ಬುಕ್ ಇತ್ತು.

"ಅಣ್ಣಾ, ನೀ ಬ್ಯಾಂಕಿನಾಂವ. ಇದನ್ನ ಒಂದ್ ಸಲ ನೋಡು. ಗಣಪತಿ ಹಬ್ಬಕ್ಕ ಹಗಲೂ ರಾತ್ರಿ ಓಡಾಡೀನಿ, ಕೈಯಾಗ ರೊಕ್ಕಾನ ಉಳದಿಲ್ಲ. ಎಲ್ಲಿ ಹೋತು ಹುಡುಕಿ ಕೊಡು."

ನನ್ನ ತಂಗಿ ಇಲ್ಲೇ ಡೊಂಬಿವಲಿಯಲ್ಲಿ, ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿಯಲ್ಲಿ ಇರುತ್ತಾಳೆ. ಮನೆಮನೆಗೆ ಹೋಗಿ ಬ್ಯೂಟಿಷಿಯನ್ ಕೆಲಸ ಮಾಡುತ್ತಾಳೆ. ಥ್ರೆಡಿಂಗ್, ವ್ಯಾಕ್ಸಿಂಗ್, ಫೇಷಿಯಲ್, ಹೇರ್‌ಕಟ್, ತಲೆಗೆ ಮೆಹಂದಿ, ಮದುವೆ ಸೀಸನ್ನಿನಲ್ಲಿ ಮದುಮಗಳ ಮೇಕಪ್ಪು. ಶ್ರಾವಣ ಮುಗಿದು ಗಣಪತಿ ಬರುವಾಗ ಅವಳಿಗೆ ಪುರುಸೊತ್ತಿಲ್ಲ, ಪಿತೃಪಕ್ಷ ಬಂತೆಂದರೆ ಫೋನೇ ಬರುವುದಿಲ್ಲ. ಅದಕ್ಕೇ ಆ ದಿನ ಲೆಕ್ಕಕ್ಕೆ ಕೂತದ್ದು.

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಮಂದಿಯ ಬ್ಯಾಲೆನ್ಸ್ ಶೀಟು ನೋಡಿದವನು ನಾನು, ನೂರು ಪುಟದ ನೋಟ್‌ಬುಕ್ಕು ಯಾವ ಲೆಕ್ಕ ಅಂದುಕೊಂಡು ಪೆನ್ನು ತೆಗೆದೆ.

ಆಗಸ್ಟಿನಲ್ಲಿ 52 ಮನೆಗಳಿಗೆ ಹೋಗಿದ್ದಳು. ಬಂದದ್ದು 14,800 ರೂಪಾಯಿ. ವ್ಯಾಕ್ಸು, ಪಟ್ಟಿ, ದಾರ, ಫೇಷಿಯಲ್ ಕಿಟ್ಟು, ಹತ್ತಿ, ಟಿಶ್ಯೂ ಎಲ್ಲ ಸೇರಿ 3,900. ಆಟೋಕ್ಕೆ 1,800. ಫೋನಿಗೆ 300. ಉಳಿದದ್ದು 8,800. "ನೋಡು, ಲಾಭ ಐತಲ್ಲ," ಅಂದೆ. ಪುಸ್ತಕದ ಪ್ರಕಾರ ಸರಿಯಾಗಿಯೇ ಇತ್ತು.

"ಹಂಗಾರ ನಂಗ್ಯಾಕ ಹಿಂಗ ದಣಿವಾಗೇತಿ?" ಅಂದಳು.

ಅದಕ್ಕೆ ಬಿಕಾಂನಲ್ಲಿ ಉತ್ತರ ಇರಲಿಲ್ಲ. ನಿಜಕ್ಕೂ ಇಲ್ಲ. ಒಬ್ಬರದೇ ವ್ಯಾಪಾರವಾದರೆ ಆಳಿನ ಸಂಬಳ ಖರ್ಚು, ಬಾಡಿಗೆ ಖರ್ಚು, ಮಷೀನಿನ ಸವಕಳಿ ಕೂಡ ಖರ್ಚು. ಮಾಲೀಕರ ದುಡಿಮೆ ಮಾತ್ರ ಖರ್ಚಲ್ಲ. ಅವರು ತೆಗೆದುಕೊಂಡರೆ ಅದು ಡ್ರಾಯಿಂಗ್ಸ್. ವ್ಯಾಕ್ಸ್ ಬಿಸಿ ಮಾಡುವ ಹೀಟರಿಗೆ ವರ್ಷ ವರ್ಷ ಸವಕಳಿ ಹಾಕುತ್ತೇವೆ, ಅದನ್ನು ಹಿಡಿದ ಕೈಗೆ ಹಾಕುವುದಿಲ್ಲ. ಕಾಲೇಜಿನಲ್ಲಿ ಇದನ್ನು ಬರೆದು ಮಾರ್ಕ್ಸ್ ತಗೊಂಡಿದ್ದೇನೆ, ಆದರೆ ಅದರ ಅರ್ಥ ಏನು ಅಂತ ಯೋಚಿಸಿದ್ದು ಅವತ್ತೇ.

ಸರಿ, ಗಂಟೆ ಎಣಿಸೋಣ ಅಂದೆ. ಅವಳಿಗೆ ಎಲ್ಲ ನೆನಪಿತ್ತು. ಯಾವ ಬಿಲ್ಡಿಂಗಿನ ಲಿಫ್ಟು ಕೆಟ್ಟಿತ್ತು, ಯಾರು "ಬಂದೆ, ಐದೇ ನಿಮಿಷ" ಅಂತ ಹೇಳಿ ಅರ್ಧ ಗಂಟೆ ಸೋಫಾದ ಮೇಲೆ ಕೂರಿಸಿದರು, ಎಲ್ಲವೂ. ಕೈಯಲ್ಲಿ ಕೆಲಸ ಇದ್ದದ್ದು 76 ಗಂಟೆ. ಹೋಗಿ ಬರುವುದು, ಕಾಯುವುದು, ಸಾಮಾನಿಗೆ ಕ್ರಾಫರ್ಡ್ ಮಾರ್ಕೆಟ್ಟಿಗೆ ಹೋದದ್ದು, ಟವೆಲ್ಲು ತೊಳೆದದ್ದು ಸೇರಿಸಿದರೆ 140 ಗಂಟೆ. 8,800ನ್ನು 140ರಿಂದ ಭಾಗಿಸಿದೆ. ಗಂಟೆಗೆ 63 ರೂಪಾಯಿಯೂ ಪೂರ್ತಿ ಇಲ್ಲ.

ನನ್ನ ಹೆಂಡತಿ ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. "ನಮ್ಮ ಬಾಯಿಗೆ ಭಾಂಡಿ ತೊಳೆಯೋಕೆ ತಿಂಗಳಿಗೆ ಒಂದೂವರೆ ಸಾವಿರ ಕೊಡ್ತೀವಿ. ದಿನಕ್ಕೆ ಅರ್ಧ ತಾಸು. ಗಂಟೆಗೆ ನೂರಾಯ್ತಲ್ಲ," ಅಂದಳು. ಆಮೇಲೆ ಹಾಗಂದದ್ದು ತಪ್ಪಾಯಿತೇನೋ ಅನ್ನುವಂತೆ ಸುಮ್ಮನಾದಳು. ಮುಂಬಯಿಯ ಬಾಯಿಗಳ ರೇಟು ನಿಮಗೆ ಗೊತ್ತೇ ಇದೆ. ಇಡೀ ಬಿಲ್ಡಿಂಗಿಗೆ ಒಂದೇ ರೇಟು. ಚೌಕಾಸಿ ಮಾಡಿದರೆ ನಾಳೆಯಿಂದ ನೀವೇ ತೊಳೆದುಕೊಳ್ಳಿ.

ತಂಗಿ ನಕ್ಕಳು. ನನಗೆ ನಗು ಬರಲಿಲ್ಲ. ಯಾಕೆಂದರೆ ಆ ರೇಟು ಹಾಕಿಕೊಟ್ಟವನು ನಾನೇ.

ಭಾವನ ಕಂಪನಿ ಮುಚ್ಚಿದ್ದು 2013ರಲ್ಲಿ. ಮರುವರ್ಷ ತಂಗಿ ಮೂರು ತಿಂಗಳ ಕೋರ್ಸು ಮಾಡಿ ಈ ಕೆಲಸ ಹಿಡಿದಳು. ಆಗ ಊರಿನಿಂದ ಬಂದಿದ್ದ ಅವ್ವ ಮೂರು ದಿನ ಅವಳ ಹತ್ತಿರ ಸರಿಯಾಗಿ ಮಾತಾಡಲಿಲ್ಲ. "ರೊಕ್ಕಾ ತಗೊಂಡು ಮಂದಿ ಕೂದಲಾ ಹಿಡೀತೀ ಏನ?" ಅಂದಿದ್ದಳು. ನಾನು ಓದಿದವನಲ್ಲವೇ, ಹಾಗೆ ಅನ್ನಲಿಲ್ಲ. "ಮೊದಲ ಪಾರ್ಲರಿನಕಿಂತ ಕಡಿಮಿ ತಗೋ, ಗಿರಾಕಿ ಹಿಡಿ, ಆಮ್ಯಾಲ ಹೆಚ್ಚು ಮಾಡು," ಅಂತ ಉಪದೇಶ ಮಾಡಿದೆ. ಪಾರ್ಲರಿನಲ್ಲಿ ಮೂವತ್ತಿದ್ದರೆ ನೀನು ಇಪ್ಪತ್ತು ತಗೋ. ಅದರಲ್ಲಿ ವ್ಯಾಪಾರದ ಬುದ್ಧಿ ಎಷ್ಟಿತ್ತೋ ಗೊತ್ತಿಲ್ಲ. ಕಡಿಮೆ ತಗೊಂಡರೆ ಅದು ದಂಧೆ ಅನ್ನಿಸುವುದಿಲ್ಲ, ಟೈಂಪಾಸ್ ಅನ್ನಿಸುತ್ತದೆ ಎಂಬ ಆಸೆ ಇತ್ತು. ಆಫೀಸಿನಲ್ಲಿ ಯಾರಾದರೂ ಕೇಳಿದರೆ "ತಂಗಿ ಮನೆಯಲ್ಲೇ ಏನೋ ಸ್ವಲ್ಪ ಮಾಡ್ತಾಳೆ" ಅನ್ನುತ್ತಿದ್ದೆ. ಅವ್ವನಿಗೂ ನನಗೂ ಇದ್ದ ವ್ಯತ್ಯಾಸ ಇಷ್ಟೇ, ಅವಳು ಬಾಯಿಬಿಟ್ಟು ಹೇಳಿದಳು.

ಆ "ಆಮ್ಯಾಲ" ಹನ್ನೊಂದು ವರ್ಷ ಬರಲೇ ಇಲ್ಲ. ಇಪ್ಪತ್ತು ಮೂವತ್ತಾಯಿತು, 2019ರಲ್ಲಿ ನಲವತ್ತಾಯಿತು, ಅಲ್ಲೇ ನಿಂತಿತು. 2020ರ ಲಾಕ್‌ಡೌನ್ ಮುಗಿದ ಮೇಲೆ ಸ್ಯಾನಿಟೈಸರು, ಒಮ್ಮೆ ಬಳಸಿ ಬಿಸಾಡುವ ಶೀಟು ಅಂತ ಖರ್ಚು ಸೇರಿತು, "ಪಾಪ, ಅವರಿಗೂ ಕಷ್ಟ ಐತಿ" ಅಂತ ರೇಟು ಏರಿಸಲಿಲ್ಲ. ಅದೇ ಅವಧಿಯಲ್ಲಿ ನಮಗೆ ಬ್ಯಾಂಕಿನವರಿಗೆ ಮೂರು ತಿಂಗಳಿಗೊಮ್ಮೆ ಡಿಎ ಬದಲಾಗುತ್ತಿತ್ತು. ಮಾರ್ಚ್ 2024ರಲ್ಲಿ ವೇತನ ಒಪ್ಪಂದವಾಗಿ 17 ಪರ್ಸೆಂಟ್ ಏರಿಕೆ, ಅದೂ ನವೆಂಬರ್ 2022ರಿಂದ ಅರಿಯರ್ಸ್ ಸಮೇತ. ಆಟೋದ ಕನಿಷ್ಠ ದರ ಫೆಬ್ರವರಿ 2025ರಲ್ಲಿ 23ರಿಂದ 26 ಆಯಿತು. ಆಟೋದವನು "ಅಕ್ಕಾ, ನಿಮಗೆ ಕಷ್ಟ ಆಗ್ತದಾ?" ಅಂತ ಕೇಳಲಿಲ್ಲ. ಎರಡು ಕಡೆ ಸೇರಿ 52 ರೂಪಾಯಿ ಆಟೋಕ್ಕೆ ಕೊಟ್ಟು 40 ರೂಪಾಯಿಯ ಹುಬ್ಬು ಮಾಡಲು ಹೋಗುವುದೆಂದರೇನು?

"ಥ್ರೆಡಿಂಗ್ ಒಂದಾ ಇದ್ರ ನಡಕೊಂತ ಹೋಗ್ತೀನಲ್ಲ," ಅಂದಳು. ಮಳೆಗಾಲದಲ್ಲೂ.

ಆಗ ನನಗೆ ಹಾವೇರಿ ಕಡೆಯ ನಮ್ಮ ಹಳ್ಳಿ ನೆನಪಾಯಿತು. ನಾನು ನಾಲ್ಕನೇ ಇಯತ್ತೆಯಲ್ಲಿದ್ದಾಗ ಕ್ಷೌರ ಮಾಡಲು ಒಬ್ಬ ಅಜ್ಜ ಮನೆಗೇ ಬರುತ್ತಿದ್ದ. ಕಟ್ಟೆಯ ಮೇಲೆ ಕೂರಿಸಿ, ಎರಡು ಮೊಣಕಾಲ ನಡುವೆ ತಲೆ ಹಿಡಿದು ಮಷೀನು ಓಡಿಸುತ್ತಿದ್ದ. ರೊಕ್ಕ ಕೊಡುವ ಪದ್ಧತಿ ಇರಲಿಲ್ಲ. ವರ್ಷಕ್ಕೊಮ್ಮೆ ಸುಗ್ಗಿಯಲ್ಲಿ ಕಣಕ್ಕೆ ಬಂದರೆ ಆಯ ಅಂತ ಜೋಳ ಕೊಡುತ್ತಿದ್ದರು. ಬಡಿಗೇರರು, ಕಂಬಾರರು, ಎಲ್ಲರಿಗೂ ಹಾಗೆಯೇ. ಅಜ್ಜ ಚೀಲ ಹಿಡಿದು ಒಂದು ಬದಿಗೆ ನಿಂತಿರುತ್ತಿದ್ದ. ಎಷ್ಟು ಅಂತ ಅವನು ಹೇಳಿದ್ದನ್ನು ನಾನು ಕೇಳಿಲ್ಲ. ಅಪ್ಪ ಅಳೆದಷ್ಟು. ಒಂದು ವರ್ಷ ಮಳೆ ಕೈಕೊಟ್ಟಿತ್ತು, ಅಪ್ಪ ಅರ್ಧ ಅಳೆದು ನಿಲ್ಲಿಸಿದ. ಅಜ್ಜ ಚೀಲದ ಬಾಯಿ ಇನ್ನೂ ಸ್ವಲ್ಪ ಹೊತ್ತು ಬಿಡಿಸಿಯೇ ಹಿಡಿದಿದ್ದ. ಆಮೇಲೆ ಕಟ್ಟಿಕೊಂಡು ಹೋದ. ನಮ್ಮ ಮನೆಯ ತಲೆಗಳ ಸಂಖ್ಯೆ ಮಳೆಗೆ ಕಡಿಮೆಯಾಗಿರಲಿಲ್ಲ, ಕೂದಲೂ ನಿಂತಿರಲಿಲ್ಲ.

ತಂಗಿಯ ನೋಟ್‌ಬುಕ್ಕಿನಲ್ಲೂ ಅಳೆಯುವವರು ಅವರೇ. ಫೇಷಿಯಲ್ 450 ಅಂದರೆ "ನಾನ್ನೂರು ಕೊಡ್ತೀನಿ ಹಾಂ" ಅಂತ ಅವರೇ ತೀರ್ಮಾನಿಸಿ ಫೋನಿನಲ್ಲಿ ಒತ್ತಿರುತ್ತಾರೆ. ಮದುಮಗಳ ಮೇಕಪ್ಪಿಗೆ 2,500 ಅಂತ ಒಪ್ಪಿಕೊಂಡು ಬೆಳಿಗ್ಗೆ ನಾಲ್ಕಕ್ಕೆ ಹೋದರೆ, ತಾಯಿಗೆ ಸೀರೆ ಉಡಿಸು, ಚಿಕ್ಕಮ್ಮನಿಗೆ ತುರುಬು ಕಟ್ಟು, "ಅತ್ತೆಗೂ ಸ್ವಲ್ಪ ಟಚಪ್." ಎಲ್ಲ ಅದರಲ್ಲೇ. ಅಡ್ವಾನ್ಸು ಇಲ್ಲ. ಮೇ ತಿಂಗಳಲ್ಲಿ ಒಂದು ಮದುವೆಯವರು ಹಿಂದಿನ ರಾತ್ರಿ ಬೇಡ ಅಂದರು, ಆ ಮುಹೂರ್ತಕ್ಕೆ ಬೇರೆ ಎರಡು ಮನೆಯವರಿಗೆ ಇವಳು ಇಲ್ಲ ಅಂದಿದ್ದಳು. ನಾವು ಸಾಲಕ್ಕೆ ಪ್ರೊಸೆಸಿಂಗ್ ಫೀ ಬಿಡದ ಜನ, ನನ್ನ ತಂಗಿಗೆ ಅಡ್ವಾನ್ಸ್ ಕೇಳು ಅಂತ ಹೇಳಲು ನನಗೆ ಹನ್ನೊಂದು ವರ್ಷ ಬೇಕಾಯಿತು!

"ತಿಂಗಳಿಗೆ ನಿಂಗ ಎಷ್ಟ ಉಳೀಬೇಕು?" ಕೇಳಿದೆ.

ಅವಳು ಸುಮಾರು ಹೊತ್ತು ಮಾತಾಡಲಿಲ್ಲ. ಕೊನೆಗೆ, "ಹನ್ನೆರಡು?" ಅಂದಳು, ನನ್ನನ್ನೇ ಕೇಳುವ ಹಾಗೆ.

"ಇಪ್ಪತ್ತು ಬರೀರಿ," ಅಂತ ನನ್ನ ಹೆಂಡತಿ ಹಿಂದಿನಿಂದ ಹೇಳಿದಳು.

ಇಪ್ಪತ್ತೇ ಬರೆದೆ. ಫೋನಿಗೆ 300, ಹೀಟರು, ಡ್ರೈಯರು, ಕತ್ತರಿಗಳ ಸವಕಳಿ ತಿಂಗಳಿಗೆ 300. ಒಟ್ಟು 20,600. ತಿಂಗಳಿಗೆ ಕೈಯಲ್ಲಿ ಕೆಲಸ ಇರುವುದು ಹೆಚ್ಚೆಂದರೆ 80 ಗಂಟೆ. ಉಳಿದದ್ದು ದಾರಿ, ಕಾಯುವಿಕೆ, ತೊಳೆಯುವುದು. ಅದಕ್ಕೆ ಯಾರೂ ಬೇರೆಯಾಗಿ ಕೊಡುವುದಿಲ್ಲ, ಆದ್ದರಿಂದ ಅದೆಲ್ಲ ಈ 80 ಗಂಟೆಯಲ್ಲೇ ಹುಟ್ಟಬೇಕು. ಗಂಟೆಗೆ ಸುಮಾರು 257 ಆಯಿತು. ಒಂದೂಕಾಲು ಗಂಟೆಯ ಫೇಷಿಯಲ್ಲಿಗೆ ಕೂಲಿ 321, ಕಿಟ್ಟು ಹತ್ತಿ 200, ಆಟೋ 52. ಅಂದರೆ 573. "600 ಬರಿ," ಅಂದೆ. ಥ್ರೆಡಿಂಗ್ 60. ಒಂದು ಸಲ ಮನೆಗೆ ಬರಬೇಕಾದರೆ ಕನಿಷ್ಠ 300 ರೂಪಾಯಿ ಕೆಲಸ. ಮದುವೆಗೆ ಅರ್ಧ ಅಡ್ವಾನ್ಸು, ಚಿಕ್ಕಮ್ಮಂದಿರಿಗೆ ತಲೆಗಿಷ್ಟು ಅಂತ ಬೇರೆ ರೇಟು.

ಇಷ್ಟೆಲ್ಲ ಆದಮೇಲೆ ಅವಳು ಬರೆಯುವ ಪೆನ್ನು ಕೆಳಗಿಟ್ಟು, "ಅಣ್ಣಾ, ಇದನ್ನ ನಾ ಬಾಯಿಲೇ ಹೆಂಗ ಹೇಳ್ಲಿ?" ಅಂದಳು. ಲೆಕ್ಕ ಅರ್ಧ ಗಂಟೆಯಲ್ಲಿ ಮುಗಿದಿತ್ತು. ಇದಕ್ಕೆ ಸಂಜೆ ಆರರವರೆಗೆ ಕೂತೆವು. ಹೇಳುವುದು ಬೇಡ, ತೋರಿಸು ಅಂದಳು ನನ್ನ ಹೆಂಡತಿ. ಹಾಗಾಗಿ ಮರಾಠಿ, ಹಿಂದಿಯಲ್ಲಿ ಒಂದು ರೇಟ್ ಕಾರ್ಡು ಟೈಪು ಮಾಡಿಸಿ ವಾಟ್ಸಾಪಿನಲ್ಲಿ ಹಾಕುವುದು, ನವರಾತ್ರಿಯ ಮೊದಲ ದಿನದಿಂದ ಜಾರಿ ಎಂದು ನಿಶ್ಚಯವಾಯಿತು.

ನವರಾತ್ರಿಯ ಮೊದಲ ದಿನ ಸೆಪ್ಟೆಂಬರ್ 22. ಅದೇ ದಿನ ಸರ್ಕಾರ ಪಾರ್ಲರು, ಸಲೂನಿನ ಜಿಎಸ್‌ಟಿಯನ್ನು 18ರಿಂದ 5 ಪರ್ಸೆಂಟಿಗೆ ಇಳಿಸಿತು! ಇವಳ ಕಾರ್ಡು ಹೋದ ಕೂಡಲೇ ಒಬ್ಬರು ಫೋನು ಮಾಡಿದರು. "ಟೀವಿಯಲ್ಲಿ ಎಲ್ಲ ಕಡೆ ಇಳೀತು ಅಂತಿದ್ದಾರೆ, ನೀನು ಏರಿಸ್ತೀಯಲ್ಲ?" ವರ್ಷಕ್ಕೆ ಇಪ್ಪತ್ತು ಲಕ್ಷ ದಾಟದವರಿಗೆ ಜಿಎಸ್‌ಟಿ ರಿಜಿಸ್ಟ್ರೇಷನ್ನೇ ಬೇಕಿಲ್ಲ, ಇವಳು ಎಂದೂ ತಗೊಂಡವಳಲ್ಲ. ಇಲ್ಲದ ತೆರಿಗೆಯನ್ನು ಎಲ್ಲಿಂದ ಇಳಿಸುವುದು? ಅದನ್ನು ವಿವರಿಸಲು ನನಗೆ ಫೋನು ಕೊಟ್ಟಳು. ನಾನು ವಿವರಿಸಿದೆ. ಆಕೆ ಮತ್ತೆ ಕರೆಯಲಿಲ್ಲ.

ಹಾಗೆ ಹೋದವರು ಹನ್ನೊಂದು ಜನ. ಅದರಲ್ಲಿ ಮೂವರು ಕನ್ನಡದವರೇ, ಹಬ್ಬಕ್ಕೆ ಕರೆದು ಹೋಳಿಗೆ ಊಟ ಹಾಕಿದವರು. ತಂಗಿ ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ ಅಂತ ಭಾವ ಹೇಳಿದ. ನನಗೂ ಒಳಗೊಳಗೇ ಹೆದರಿಕೆ, ಮೊದಲ ಉಪದೇಶ ಹಾಳು ಮಾಡಿದ್ದು ಸಾಲದು ಅಂತ ಎರಡನೇ ಉಪದೇಶವೂ ಹಾಳು ಮಾಡಿತೇ ಅಂತ. ಇಬ್ಬರು ದೀಪಾವಳಿ ಹೊತ್ತಿಗೆ ವಾಪಸು ಬಂದರು. ಇನ್ನು 300ರ ನಿಯಮಕ್ಕೆ ಹೆಂಗಸರು ತಾವೇ ದಾರಿ ಹುಡುಕಿದರು. ಒಂದೇ ಮಹಡಿಯ ಮೂವರು ನಾಲ್ವರು ಒಂದು ಮನೆಯಲ್ಲಿ ಸೇರಿ ಇವಳನ್ನು ಕರೆಯುತ್ತಾರೆ. ಇವಳಿಗೂ ಒಂದೇ ಆಟೋ. ಇದು ನನಗೆ ಹೊಳೆದಿರಲಿಲ್ಲ.

ಅಕ್ಟೋಬರಿನ ಲೆಕ್ಕ ನೋಡಿದೆವು. 38 ಮನೆ. ಬಂದದ್ದು 19,400. ಖರ್ಚು ಕಳೆದು ಉಳಿದದ್ದು 13,400. ಗಂಟೆ ನೂರು. ಗಂಟೆಗೆ 134. ಇಪ್ಪತ್ತು ಸಾವಿರ ಆಗಲಿಲ್ಲ, ಅದು ದೀಪಾವಳಿ ತಿಂಗಳು ಬೇರೆ. ನವೆಂಬರಿನಲ್ಲಿ ಮತ್ತೆ ಸ್ವಲ್ಪ ಇಳಿಯಿತು. ಆದರೆ ಬಾಯಿಯನ್ನು ದಾಟಿದೆ ಅಂತ ನಗುತ್ತಾಳೆ.

ನೋಟ್‌ಬುಕ್ಕಿನಲ್ಲಿ ಒಂದು ಕಡೆ ಹಳೆಯ ರೇಟು ಕಂಡಿತು, ಥ್ರೆಡಿಂಗ್ 40. ಇದೇನು ಅಂದೆ. ಒಬ್ಬರೇ ಇರುವ ರಿಟೈರ್ಡ್ ಟೀಚರಂತೆ, ಮಕ್ಕಳು ಹತ್ತಿರವಿಲ್ಲ. "ಅವರಿಗೆ ನಲವತ್ತಾ. ಅದನ್ನ ನಾ ಬಿಟ್ಟೀನಿ, ಅವರು ಕಡಿಮಿ ಮಾಡಿಸಿಲ್ಲ." ಪಕ್ಕದಲ್ಲಿ ಒಂದು ಕಾಲಂ ಎಳೆದು, ಬಿಟ್ಟ ಇಪ್ಪತ್ತು ರೂಪಾಯಿಯನ್ನು ಅಲ್ಲಿ ಬರೆದಿಟ್ಟಿದ್ದಳು. ಇದನ್ನು ನಾನು ಹೇಳಿಕೊಟ್ಟದ್ದಲ್ಲ.

ಇನ್ನೊಂದು ವಿಷಯ ಹೇಳದೇ ಹೋದರೆ ತಪ್ಪಾದೀತು. ಎಂಟು ವರ್ಷದಿಂದ ತಿಂಗಳಿಗೊಂದು ಭಾನುವಾರ ನನ್ನ ತಲೆಗೆ ಡೈ ಹಚ್ಚುವವಳು ಅವಳೇ. ಹೆಂಡತಿಯ ಹುಬ್ಬೂ ಅದೇ ಹೊತ್ತಿಗೆ. ಎಂದೂ ರೊಕ್ಕ ಕೊಟ್ಟಿರಲಿಲ್ಲ. ಮನೆಯವರಲ್ಲವೇ, ಚಹಾ ಕೊಡುತ್ತಿದ್ದೆವು. ನವೆಂಬರಿನಲ್ಲಿ ಬಂದಾಗ ಎಲ್ಲ ಮುಗಿಸಿ, ಬಟ್ಟಲು ತೊಳೆದಿಟ್ಟು, ಟವೆಲ್ಲಿನಿಂದ ಕೈ ಒರೆಸಿಕೊಳ್ಳುತ್ತಾ ನಿಂತಳು.

"ಡೈ ಹಚ್ಚಿದ್ದು ಇನ್ನೂರು, ಪಾಕೀಟು ನಿಂದಾ ಇತ್ತು. ವೈನೀದು ಅರವತ್ತು. ಮುನ್ನೂರಕ್ಕ ನಲವತ್ತು ಕಡಿಮಿ ಬೀಳ್ತದ, ಆದ್ರ ನಡಕೊಂತ ಬಂದೀನಿ, ಇರ್ಲಿ."

ನಾನು ಐನೂರರ ನೋಟು ತೆಗೆದೆ. "ಇರಲಿ ಬಿಡು, ಚಿಲ್ಲರೆ ಇಟ್ಕೋ," ಅಂದೆ.

"ಬ್ಯಾಡ. ಜಿಪೇ ಮಾಡು. 260," ಅಂದಳು, ನಾನು ಒತ್ತುವವರೆಗೂ ಫೋನು ಹಿಡಿದು ನಿಂತಿದ್ದಳು.